ಸೋತವರ ಮನೆ ಕಡೆಯಿಂದ ಓದು

ಪ್ರೀತಿಯ ಗೆಳೆಯ,

ನಿನ್ನ ಮೇಲ್ ಬಂದು ಮೂರು ವಾರ ಆಯ್ತು. ಜೊತೆಗೆ ಕಳಿಸಿದ ಕಥೆಯನ್ನೂ ಎರಡು ಸಲ ಓದಿದೆ. ಉತ್ತರ ತಡ ಆಯ್ತು ಅಂತ ಬೈಕೋಬೇಡ. ನಿನ್ನ ಪ್ರಶ್ನೆಯ ನೆಪದಲ್ಲಿ ನಾನೇ ಮತ್ತೆ ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್ ಹಿಡಿದುಕೊಂಡು ಕೂತುಬಿಟ್ಟಿದ್ದೆ.

ಗ್ರೀಕರನ್ನ, ರೋಮನ್ನರನ್ನ ಓದಬೇಕು ಅಂತಿದ್ದೀನಿ, ಆದರೆ ದೇವತೆಗಳ ಹೆಸರು, ವಂಶಾವಳಿ ಒಂದೂ ತಲೆಗೆ ಹತ್ತುತ್ತಿಲ್ಲ ಅಂತ ಬರೆದಿದ್ದೀಯ. ಹತ್ತದಿದ್ದರೆ ಬಿಡು. ಮಹಾಭಾರತ ಕೇಳುತ್ತಾ ಬೆಳೆದ ನಮ್ಮಲ್ಲಿ ಶಂತನುವಿನ ಅಪ್ಪನ ಹೆಸರು ಎಷ್ಟು ಜನಕ್ಕೆ ಗೊತ್ತು? ಹಾಗಂತ ಕರ್ಣನಿಗೆ ಅಳೋದನ್ನ ಬಿಟ್ಟಿದ್ದೀವಾ?

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಮಾಡಿಕೊಂಡ ಎಡವಟ್ಟು ಕೇಳು. ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಗ್ರೀಕ್ ಪುರಾಣ ಕೋಶ ಸಿಕ್ಕಿತ್ತು. ಅದರಿಂದ ಹೆಸರು ಹೆಕ್ಕಿ ಹೆಕ್ಕಿ ಪದ್ಯಗಳಿಗೆ ಅಂಟಿಸುತ್ತಿದ್ದೆ. ಒಂದೇ ಪದ್ಯದಲ್ಲಿ ಸಿಸಿಫಸ್ ಬಂಡೆ ಉರುಳಿಸಿದ, ಇಕಾರಸ್ ಸಮುದ್ರಕ್ಕೆ ಬಿದ್ದ, ಪ್ರಮೀಥಿಯಸ್‌ನ ಹೊಟ್ಟೆಯನ್ನು ಹದ್ದು ಕುಕ್ಕಿತು. ಒಬ್ಬ ಹಿರಿಯ ಸಂಪಾದಕರು ಅದನ್ನ ವಾಪಸ್ ಕಳಿಸಿದರು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಸಾಲು ಬರೆದಿದ್ದರು: "ಇವರೆಲ್ಲ ನಿಮಗೆ ಏನಾಗಬೇಕು?" ಎರಡು ದಿನ ಸಿಟ್ಟಿನಲ್ಲಿ ಊಟ ಸೇರಲಿಲ್ಲ.

ಆ ಪ್ರಶ್ನೆಗೆ ಸುಮ್ನೆ ನೆಂಟಸ್ತಿಕೆ ಹುಡುಕುವವರೂ ಇದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಒಂದು ಗ್ರೀಕ್ ಪ್ರಹಸನ ಬರೆದ ಹಳೇ ಪಪೈರಸ್ ಹಾಳೆ ಸಿಕ್ಕಿದೆ. ಕಥೆ ನಡೆಯುವುದು ಭಾರತದ ಕರಾವಳಿಯಲ್ಲಿ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೇ ಅಂತ ಕೆಲವರು, ಅಲ್ಲವೇ ಅಲ್ಲ ಅಂತ ಕೆಲವರು ನೂರು ವರ್ಷದಿಂದ ವಾದ ಮಾಡುತ್ತಿದ್ದಾರೆ. ಮಜಾ ಇದೆ, ಓದು. ಆದರೆ ಬರೆಯುವವನಿಗೆ ಅದರಿಂದ ಏನೂ ಹುಟ್ಟುವುದಿಲ್ಲ.

ನನಗೆ ಉತ್ತರ ಸಿಕ್ಕಿದ್ದು ತುಂಬ ವರ್ಷ ಆದಮೇಲೆ, ಗ್ರೀಕ್ ನಾಟಕಕಾರ ಈಸ್ಕಿಲಸ್‌ನ 'ಪರ್ಷಿಯನ್ನರು' ನಾಟಕ ಓದಿದಾಗ. ಬಿ.ಎಂ.ಶ್ರೀ. ಅದನ್ನ 1935ರಲ್ಲೇ 'ಪಾರಸಿಕರು' ಅಂತ ಕನ್ನಡಕ್ಕೆ ತಂದಿದ್ದರು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸಿಗೆ ನುಗ್ಗಿ ಬೆಟ್ಟದ ಮೇಲಿನ ದೇವಸ್ಥಾನಗಳನ್ನ ಸುಟ್ಟರು. ಆಮೇಲೆ ಸಲಾಮಿಸ್‌ನ ಕಡಲ ಯುದ್ಧದಲ್ಲಿ ಗ್ರೀಕರ ಕೈಲಿ ಚೆನ್ನಾಗಿ ಪೆಟ್ಟು ತಿಂದರು. ಎಂಟು ವರ್ಷ ಬಿಟ್ಟು, 472ರಲ್ಲಿ, ಅದೇ ಬೆಟ್ಟದ ಇಳಿಜಾರಿನಲ್ಲಿ ಈ ನಾಟಕ ಆಯ್ತು. ನೋಡುತ್ತಾ ಕೂತವರಲ್ಲಿ ಎಷ್ಟೋ ಜನ ಸಲಾಮಿಸ್‌ನಲ್ಲಿ ಯುದ್ಧದ ಹಡಗಿಗೆ ಹುಟ್ಟು ಹಾಕಿದವರು. ಸುಟ್ಟ ದೇವಸ್ಥಾನಗಳು ಬೆನ್ನ ಹಿಂದೆ ಇನ್ನೂ ಪಾಳುಬಿದ್ದಿವೆ. ಈಸ್ಕಿಲಸ್ ಕೂಡ ಪರ್ಷಿಯನ್ನರ ಎದುರು ಮ್ಯಾರಥಾನ್ ಯುದ್ಧದಲ್ಲಿ ಕಾದಾಡಿದವನು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಅಲ್ಲೇ ಶತ್ರುವಿನ ಹಡಗು ಹಿಡಿಯಲು ಹೋಗಿ, ಕೊಡಲಿ ಏಟಿಗೆ ಕೈ ಕಳೆದುಕೊಂಡು ಸತ್ತ ಅಂತ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ.

ಇಂಥವನು ನಾಟಕವನ್ನ ಎಲ್ಲಿ ಇಟ್ಟ ಗೊತ್ತಾ? ಪರ್ಷಿಯಾದ ಸೂಸಾದಲ್ಲಿ, ಶತ್ರುವಿನ ಅರಮನೆ ಮುಂದೆ. ಮಗ ಇನ್ನೂ ಬರಲಿಲ್ಲ ಅಂತ ಕಾಯುತ್ತಿರುವ ತಾಯಿ, ರಾಣಿ. ಕೆಟ್ಟ ಸುದ್ದಿ ತರುವ ದೂತ. ಸತ್ತ ಪರ್ಷಿಯನ್ ಸರದಾರರ ಹೆಸರು ಒಂದೊಂದಾಗಿ ಕೇಳಿಬರುತ್ತವೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ನಾಟಕದಲ್ಲಿ ಇಲ್ಲ. ಒಂದೇ ಒಂದು! ಜಂಬ ಇಲ್ಲವೇ ಇಲ್ಲ ಅಂತಲ್ಲ. ಅಥೆನ್ಸಿನವರ ಒಡೆಯ ಯಾರು ಅಂತ ರಾಣಿ ಕೇಳುತ್ತಾಳೆ, ಅವರು ಯಾರ ಗುಲಾಮರೂ ಅಲ್ಲ ಅಂತ ಉತ್ತರ ಬರುತ್ತದೆ, ಆಗ ಕೂತಿದ್ದವರ ಎದೆ ಉಬ್ಬಿಯೇ ಇರುತ್ತದೆ. ಆದರೂ ಆ ದಿನ ಅವರು ನೋಡಿದ್ದು ತಾವು ಕೊಂದವರ ಮನೆಯ ಗೋಳನ್ನ. ಮೊದಲ ಬಹುಮಾನವನ್ನೂ ಅದಕ್ಕೇ ಕೊಟ್ಟರು.

ಇದಕ್ಕೆ ಸುಮಾರು ಇಪ್ಪತ್ತು ವರ್ಷ ಮುಂಚೆ ಫ್ರಿನಿಕಸ್ ಅನ್ನುವವನು ತಮ್ಮವರದೇ ಊರು ಮಿಲೀಟಸ್ ಪರ್ಷಿಯನ್ನರ ಕೈಗೆ ಬಿದ್ದದ್ದನ್ನ ನಾಟಕ ಮಾಡಿದ್ದ. ನೋಡಿದವರೆಲ್ಲ ಅತ್ತರು. ಆಮೇಲೆ ನಮ್ಮ ಸಂಕಟವನ್ನ ನಮಗೇ ನೆನಪಿಸಿದೆ ಅಂತ ಅವನಿಗೆ 1000 ಡ್ರಾಕ್ಮಾ ದಂಡ ಹಾಕಿ, ಆ ನಾಟಕವನ್ನ ಇನ್ನು ಯಾರೂ ಆಡಕೂಡದು ಅಂದರು. ಇದನ್ನೂ ಅದನ್ನೂ ಪಕ್ಕ ಪಕ್ಕ ಇಟ್ಟು ಒಂದು ಸಂಜೆ ಯೋಚನೆ ಮಾಡು.

ಈಗ ನಿನ್ನ ಕಥೆ. ಜಮೀನಿನ ಜಗಳ ಚೆನ್ನಾಗಿದೆ. ಸರ್ವೆಯವನು ಚೈನು ಹಿಡಿದು ಬರುವ ಜಾಗ ಬಹಳ ಚೆನ್ನಾಗಿದೆ. ಆದರೆ ಆ ದೊಡ್ಡಪ್ಪ ಇದ್ದಾನಲ್ಲ, ಅವನು ಬರುವುದೇ ಬೈಯಕ್ಕೆ, ಮೀಸೆ ತಿರುವಕ್ಕೆ, ಬೇಲಿ ಕೀಳಕ್ಕೆ. ಕಥೆಯುದ್ದಕ್ಕೂ ನೀನು ಅವನ ಮನೆ ಹೊಸಿಲು ದಾಟಿಲ್ಲ. ದಾಯಾದಿ ಮನೆಯಲ್ಲಿ ನೀರೂ ಕುಡಿಯಬಾರದು ಅಂತ ನಿಮ್ಮಮ್ಮ ಹೇಳಿರಬಹುದು. ಕಥೆ ಬರೆಯುವವನು ಆ ಮಾತು ಕೇಳಬಾರದು ಕಣಯ್ಯ.

ಇಲಿಯಡ್ ಅಂದ ತಕ್ಷಣ ಎಲ್ಲರೂ ಮರದ ಕುದುರೆ, ಗ್ರೀಕ್ ವೀರ ಅಕಿಲೀಸನ ಹಿಮ್ಮಡಿ ಅಂತ ಶುರು ಮಾಡುತ್ತಾರೆ. ಆ ಎರಡು ಕಥೆಯೂ ಅದರಲ್ಲಿ ಇಲ್ಲ. ಗ್ರೀಕರು ಟ್ರಾಯ್ ಊರಿನ ಮೇಲೆ ಮಾಡಿದ ಹತ್ತು ವರ್ಷದ ಯುದ್ಧದಲ್ಲಿ ಹೋಮರ್ ಹೇಳುವುದು ಕೊನೆಯ ವರ್ಷದ ಕೆಲವೇ ವಾರಗಳನ್ನ. 24 ಭಾಗ, ಹದಿನೈದು ಸಾವಿರಕ್ಕೂ ಜಾಸ್ತಿ ಸಾಲು. ನೀನು 24ನೇ ಭಾಗದಿಂದ ಶುರು ಮಾಡು. ಕೊನೆ ಗೊತ್ತಾದರೆ ಕೆಟ್ಟುಹೋಗುವ ಕಥೆ ಅದಲ್ಲ. ನಾವು ಯಕ್ಷಗಾನಕ್ಕೆ ಹೋಗುವುದು ಕೀಚಕ ಸಾಯ್ತಾನೋ ಇಲ್ವೋ ನೋಡಕ್ಕಾ?

ಅಲ್ಲಿ ಟ್ರಾಯ್‌ನ ಮುದಿ ರಾಜ ಪ್ರಿಯಾಂ ರಾತ್ರಿ ಹೊತ್ತು ಅಕಿಲೀಸನ ಬಿಡಾರಕ್ಕೆ ಬರುತ್ತಾನೆ. ಅವನ ಮಗ ಹೆಕ್ಟರನನ್ನ ಕೊಂದು, ಹೆಣವನ್ನ ರಥಕ್ಕೆ ಕಟ್ಟಿ ಎಳೆದಾಡಿದವನು ಈ ಅಕಿಲೀಸ್. ಮುದುಕ ಅವನ ಮೊಣಕಾಲು ಹಿಡಿದು, ಮಗನನ್ನ ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ನಿನ್ನ ಅಪ್ಪನನ್ನ ನೆನೆಸಿಕೋ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಅವನು ಮಗನಿಗೆ, ಇವನು ದೂರದ ಊರಿನಲ್ಲಿರುವ ಅಪ್ಪನಿಗೆ, ಸತ್ತ ಗೆಳೆಯ ಪ್ಯಾಟ್ರೋಕ್ಲಸ್‌ಗೆ. ನಾನೋ ನೀನೋ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ ಪೆನ್ನಿನ ಕ್ಯಾಪ್ ಹಾಕುತ್ತಿದ್ದೆವು. ಹೋಮರ್ ಮುಂದೆ ಹೋಗುತ್ತಾನೆ. ಅಕಿಲೀಸ್ ಹೆಣ ತೊಳೆಸುತ್ತಾನೆ, ಆದರೆ ಮುದುಕನ ಕಣ್ಣಿಗೆ ಬೀಳದ ಹಾಗೆ, ಅತ್ತ ಕಡೆ. ಯಾಕಂದರೆ ಮಗನನ್ನ ನೋಡಿ ಮುದುಕನಿಗೆ ಸಿಟ್ಟು ನೆತ್ತಿಗೇರಿದರೆ, ತನಗೂ ಸಿಟ್ಟು ಬಂದು ಅವನನ್ನ ಕೊಂದೇಬಿಟ್ಟರೆ ಅಂತ ಭಯ. ಅತ್ತು ಹಗುರಾದ ಮೇಲೂ ಅವನಿಗೆ ತನ್ನ ಕೈ ಮೇಲೆ ನಂಬಿಕೆ ಇಲ್ಲ ನೋಡು!

ಆಮೇಲೆ ಊಟ. ಹನ್ನೆರಡು ಮಕ್ಕಳನ್ನ ಕಳೆದುಕೊಂಡ ಪುರಾಣದ ನಯೊಬಿಯೂ ಕೊನೆಗೆ ಊಟ ಮಾಡಿದಳು, ನೀನೂ ಮಾಡು ಅನ್ನುತ್ತಾನೆ. ಎದ್ದು ಹೋಗಿ ಬಿಳಿ ಕುರಿ ಕೊಯ್ಯುತ್ತಾನೆ. ಜೊತೆಯವರು ಸುಲಿದು, ತುಂಡು ಮಾಡಿ, ಕಂಬಿಗೆ ಸಿಕ್ಕಿಸಿ ಸುಡುತ್ತಾರೆ. ಬುಟ್ಟಿಯಲ್ಲಿ ರೊಟ್ಟಿ ಬರುತ್ತದೆ, ಮಾಂಸವನ್ನ ಅಕಿಲೀಸ್ ತಾನೇ ಬಡಿಸುತ್ತಾನೆ. ಮಗ ಸತ್ತ ಮೇಲೆ ಇವತ್ತೇ ನನ್ನ ಗಂಟಲಲ್ಲಿ ಏನಾದರೂ ಇಳಿದದ್ದು ಅನ್ನುತ್ತಾನೆ ಮುದುಕ.

ಇದಾದ ಮೇಲೆ 6ನೇ ಭಾಗಕ್ಕೆ ಹೋಗು. ಹೆಕ್ಟರ್ ಯುದ್ಧದ ನಡುವೆ ಹೆಂಡತಿಯನ್ನ ನೋಡಲು ಬಂದಿದ್ದಾನೆ. ಶಿರಸ್ತ್ರಾಣದ ಮೇಲೆ ಅಲ್ಲಾಡುವ ಕುದುರೆ ಕೂದಲಿನ ಜುಟ್ಟು ನೋಡಿ ಕೂಸು ಹೆದರಿ ಅಳುತ್ತದೆ. ಅಪ್ಪ ಅಮ್ಮ ಇಬ್ಬರೂ ನಕ್ಕುಬಿಡುತ್ತಾರೆ. ಅವನು ಅದನ್ನ ತೆಗೆದು ನೆಲದ ಮೇಲಿಟ್ಟು ಮಗನನ್ನ ಎತ್ತಿಕೊಳ್ಳುತ್ತಾನೆ. ಅದೇ ಕೈಯಲ್ಲಿ ಗ್ರೀಕ್ ನಾಟಕಕಾರ ಯೂರಿಪಿಡೀಸ್‌ನ 'ಟ್ರಾಯ್‌ನ ಹೆಂಗಸರು' ನಾಟಕದ ಕೊನೆ ಓದು. ಗ್ರೀಕರು ಆ ಕೂಸನ್ನ ಕೋಟೆ ಗೋಡೆಯಿಂದ ಎಸೆದಿದ್ದಾರೆ. ಹೆಣವನ್ನ ಅಪ್ಪನ ಗುರಾಣಿಯ ಮೇಲೆ ಹೊತ್ತು ತರುತ್ತಾರೆ, ಮಣ್ಣು ಮಾಡುವುದೂ ಅದರ ಜೊತೆಗೇ. ಅಜ್ಜಿ ಹೆಕ್ಯೂಬಾ ಗುರಾಣಿ ನೋಡುತ್ತಾಳೆ. ಹಿಡಿಯ ಮೇಲೆ ಮಗನ ಕೈ ಗುರುತು. ಅಂಚಿನಲ್ಲಿ, ಅವನು ಗಡ್ಡಕ್ಕೆ ಒತ್ತಿ ಹಿಡಿಯುತ್ತಿದ್ದ ಕಡೆ, ಬೆವರಿನ ಕಲೆ.

ಆ ನಾಟಕ ಆಡಿದ್ದು ಕ್ರಿ.ಪೂ. 415ರಲ್ಲಿ. ಅದಕ್ಕೆ ಸ್ವಲ್ಪ ತಿಂಗಳು ಮುಂಚೆ ಅಥೆನ್ಸಿನವರು ಮೆಲೋಸ್ ಅನ್ನುವ ಪುಟ್ಟ ದ್ವೀಪ ಗೆದ್ದು, ಗಂಡಸರನ್ನ ಕೊಂದು, ಹೆಂಗಸರು ಮಕ್ಕಳನ್ನ ಗುಲಾಮರಾಗಿ ಮಾರಿದ್ದರು. ಯೂರಿಪಿಡೀಸ್‌ಗೆ ಆ ಸಲ ಎರಡನೇ ಸ್ಥಾನ. ಮೆಲೋಸ್‌ನ ಕಥೆಯನ್ನ ಇತಿಹಾಸಕಾರ ಥ್ಯುಸಿಡಿಡೀಸ್ ಹೇಳುತ್ತಾನೆ. ಅವನೂ ಅಥೆನ್ಸಿನವನೇ, ಸೇನಾಪತಿ. ಆಂಫಿಪೊಲಿಸ್ ಊರು ಉಳಿಸಲಾಗಲಿಲ್ಲ ಅಂತ ಇಪ್ಪತ್ತು ವರ್ಷ ಊರು ಬಿಟ್ಟಿರಬೇಕಾಯ್ತು. ಅದರಿಂದಲೇ ಯುದ್ಧದ ಎರಡೂ ಕಡೆಯದನ್ನ ಹತ್ತಿರದಿಂದ ನೋಡಕ್ಕಾಯ್ತು ಅಂತ ಅವನೇ ಬರೆದುಕೊಂಡಿದ್ದಾನೆ. ನಿನಗೆ ಯಾರೂ ಗಡೀಪಾರು ಮಾಡಲ್ಲ ಬಿಡು, ಪಕ್ಕದ ಕಾಂಪೌಂಡ್ ಹಾರಿದರೆ ಸಾಕು.

ರೋಮನ್ನರ ಬಗ್ಗೆ ನನ್ನ ಉತ್ಸಾಹ ಸ್ವಲ್ಪ ಕಮ್ಮಿ. ಆದರೆ ವರ್ಜಿಲ್‌ನ ಮಹಾಕಾವ್ಯ ಈನಿಯಡ್ ಬಿಡಬೇಡ. ಕೊನೆಯಲ್ಲಿ ನಾಯಕ ಈನಿಯಸ್‌ಗೆ ಸೋತ ಟರ್ನಸ್, ಪ್ರಿಯಾಂ ಹೇಳಿದ ಮಾತನ್ನೇ ಹೇಳುತ್ತಾನೆ: ನಿನಗೂ ಅಪ್ಪ ಇದ್ದನಲ್ಲಾ, ಅವನನ್ನ ನೆನೆಸಿಕೊಂಡು ನನ್ನ ಮುದಿ ತಂದೆ ಮೇಲೆ ಕರುಣೆ ಇಡು. ಈನಿಯಸ್ ಒಂದು ಕ್ಷಣ ತಡೆಯುತ್ತಾನೆ. ಅಷ್ಟರಲ್ಲಿ ಟರ್ನಸ್ ಭುಜದ ಮೇಲೆ, ಅವನ ಕೈಲೇ ಸತ್ತ ತನ್ನ ಗೆಳೆಯನ ನಡುಪಟ್ಟಿ ಕಾಣುತ್ತದೆ. ಕತ್ತಿಯನ್ನ ಅವನ ಎದೆಗೆ ಇಳಿಸಿಬಿಡುತ್ತಾನೆ. ಕಾವ್ಯ ಮುಗಿಯುವುದೇ ಅಲ್ಲಿ. ಊಟವೂ ಇಲ್ಲ, ಹೆಣ ತೊಳೆಯುವುದೂ ಇಲ್ಲ.

ಈ ಜನ ದೊಡ್ಡ ಮನಸ್ಸಿನ ಸಂತರು ಅಂತ ತಿಳ್ಕೋಬೇಡ. ಹೋಮರನದೇ ಒಡಿಸ್ಸಿಯಲ್ಲಿ ಯಜಮಾನ ಒಡಿಸ್ಸಿಯಸ್ ಮನೆಗೆ ಬಂದಮೇಲೆ ಹನ್ನೆರಡು ದಾಸಿಯರ ಕೈಲಿ ಅವನು ಕೊಂದವರ ಹೆಣ ಸಾಗಿಸಿ, ಮೇಜು ಕುರ್ಚಿ ತೊಳೆಸಿ, ಆಮೇಲೆ ಅವರನ್ನೇ ಸಾಲಾಗಿ ನೇಣು ಹಾಕುತ್ತಾರೆ. ಅವರ ಮನೆ ಎಲ್ಲಿ, ಅಪ್ಪ ಯಾರು ಅಂತ ಕವಿ ಅಲ್ಲಿ ಕೇಳುವುದಿಲ್ಲ. ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಜಾಸ್ತಿ ಹೊತ್ತಲ್ಲ, ಅಂತ ಹೇಳಿ ಮುಂದೆ ಹೋಗುತ್ತಾನೆ. ಆ ಸಾಲನ್ನ ನನಗೆ ಮರೆಯಕ್ಕಾಗಿಲ್ಲ.

ಓದುವ ಕ್ರಮ ಅಂತ ದೊಡ್ಡದೇನೂ ಇಲ್ಲ. ಸಾರಾಂಶ ಓದಬೇಡ. ಹಳೇ ಇಂಗ್ಲಿಷಿನ ಅನುವಾದ ಪುಕ್ಕಟೆ ಸಿಗುತ್ತದೆ, ಅದು ತಲೆನೋವು. ಹೊಸದು ಹುಡುಕು, ಆದರೆ ಇಷ್ಟವಾದ ಭಾಗಕ್ಕೆ ಎರಡು ಅನುವಾದ ಪಕ್ಕ ಪಕ್ಕ ಇಟ್ಟುಕೋ. ಲಂಕೇಶರು ಕನ್ನಡಕ್ಕೆ ತಂದ ಗ್ರೀಕ್ ನಾಟಕ 'ದೊರೆ ಈಡಿಪಸ್' ಜೋರಾಗಿ ಓದು, ಮನೆಯವರು ಬೈದರೂ ಪರವಾಗಿಲ್ಲ. ನಾಟಕ ಯಾವುದೇ ಇರಲಿ ಒಂದೇ ಕೂತಿಗೆ ಮುಗಿಸು, ಎರಡು ಗಂಟೆ ಸಾಕು. ರನ್ನನ ಗದಾಯುದ್ಧವನ್ನ ಪಕ್ಕದಲ್ಲೇ ಇಟ್ಟುಕೋ. ದುರ್ಯೋಧನ ಹೆಣಗಳ ನಡುವೆ ತನ್ನವರನ್ನ ಹುಡುಕುತ್ತಾ ನಡೆಯುವ ಕಡೆ, ಬಿ.ಎಂ.ಶ್ರೀ. ಅದನ್ನೇ ಯಾಕೆ ಗ್ರೀಕ್ ದುರಂತದ ಅಚ್ಚಿನಲ್ಲಿ ನಾಟಕ ಮಾಡಿದರು ಅಂತ ನಿನಗೇ ಹೊಳೆಯುತ್ತದೆ.

ಅಷ್ಟು ಓದಿದ ಮೇಲೆ ನಿನ್ನ ಕಥೆಗೆ ವಾಪಸ್ ಬಾ. ಕೋರ್ಟಿನಲ್ಲಿ ಕೇಸು ನಿಮ್ಮ ಕಡೆ ಆಗುತ್ತದೆ, ನಿಮ್ಮ ಮನೆಯಲ್ಲಿ ಹೋಳಿಗೆ ಮಾಡುತ್ತಾರೆ ಅಂತ ಮುಗಿಸಿದ್ದೀಯ. ಅವತ್ತು ರಾತ್ರಿ ಗೋಡೆ ಆಚೆ, ದೊಡ್ಡಪ್ಪನ ಅಡುಗೆ ಮನೆಯಲ್ಲಿ ಒಲೆ ಹಚ್ಚಿದ್ದರಾ? ಹೋಳಿಗೆ ವಾಸನೆ ಅಲ್ಲಿಗೂ ಹೋಗಿರುತ್ತದೆ ಅಲ್ವಾ? ದೊಡ್ಡಮ್ಮ ತಟ್ಟೆ ಹಾಕಿ ಕರೆದಾಗ ಅವನು ಎದ್ದು ಬಂದನಾ, ಇಲ್ಲ ಜಗಲಿ ಮೇಲೇ ಕೂತಿದ್ದನಾ? ಅದೊಂದು ಪುಟ ಬರೆದು ಕಳಿಸು. ಉಳಿದದ್ದು ಆಮೇಲೆ ಮಾತಾಡೋಣ.

ನಿನ್ನ ಮೇಷ್ಟ್ರು