ಬ್ಯಾಡಗಿ ಅಂಗಡಿ ಬಿಟ್ಟು ಸಿಂಗಾಪುರಕ್ಕ ಓದಾಕ ಹೊಂಟ ಗೆಳೆಯನಿಗೊಂದು ಪತ್ರ

ಹುಬ್ಬಳ್ಳಿ

ಪ್ರೀತಿಯ ದೋಸ್ತ,

ಎಂಬಿಎ ಸೀಟು ಸಿಕ್ಕ ಸುದ್ದಿ ಕೇಳಿ ಭಾಳ ಖುಷಿ ಆತು. 44ನೇ ವಯಸ್ಸಿಗೆ ಮೆಣಸಿನಕಾಯಿ ದಲಾಲಿ ಅಂಗಡಿ ತಮ್ಮನ ಕೈಯಾಗ ಕೊಟ್ಟು ಆಗಸ್ಟ್‌ಕ್ಕ ಸಿಂಗಾಪುರಕ್ಕ ಹೊಂಟೀದಿ. ಈ ವಯಸ್ಸಿನ್ಯಾಗ ಓದು ತಲಿಗೆ ಹತ್ತತೈತೇನು ಅಂತ ಕೇಳಿದಿ. ಹತ್ತತೈತಿ, ಅದರ ಕಾಳಜಿ ಬಿಡು. ನಮ್ಮ ವಯಸ್ಸಿನವರು ಸೋಲೂದು ಪುಸ್ತಕದ ಮುಂದ ಅಲ್ಲ, ಊರಾಗ ಬಿಟ್ಟು ಹೋದ ಸಹಿ, ಓಟಿಪಿ, ರಸೀದಿ ಬೆನ್ನು ಹತ್ತಿದಾಗ. ಅದಕ್ಕ ಈ ಪತ್ರದಾಗ ಓದಿನಕಿಂತ ಅಂಗಡಿ ಮಾತ ಹೆಚ್ಚು ಐತಿ.

ಅದಕ್ಕೂ ಮೊದಲ ಒಂದು ವಿಷಯ ತಲಿಯಾಗ ಕುಂಡ್ರಲಿ. ಓದು ಮುಗಿಸಿ ಅಲ್ಲೇ ಎರಡು ವರ್ಷ ನೌಕರಿ ಮಾಡಿ ಸಾಲ ತೀರಸತೇನಿ ಅನ್ನೋ ಲೆಕ್ಕ ಹಾಕಬ್ಯಾಡ. ಅಲ್ಲಿ ನೌಕರಿಗೆ ಬೇಕಾಗೂ ಎಂಪ್ಲಾಯ್‌ಮೆಂಟ್ ಪಾಸಿಗೆ 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ 5,600 ಸಿಂಗಾಪುರ ಡಾಲರ್ ಸಂಬಳ ಅಂತ ಮಾಡ್ಯಾರ. ಆದ್ರ ಅದು 23 ವಯಸ್ಸಿನವರ ಮಿತಿ. ವಯಸ್ಸು ಏರಿದಂಗ ಮಿತಿನೂ ಏರಿ, 45 ಮುಟ್ಟಿದವರಿಗೆ 10,700 ಆಗತೈತಿ. ಬ್ಯಾಂಕು, ಹಣಕಾಸಿನ ಕಂಪನಿ ಇದ್ರ ಇನ್ನೂ ಹೆಚ್ಚು. ಅದರ ಮ್ಯಾಲ 2023ರ ಸೆಪ್ಟೆಂಬರ್‌ನಿಂದ ಕಂಪಾಸ್ ಅನ್ನೋ ಅಂಕದ ಪದ್ಧತಿ ಬಂದೈತಿ, 40 ಅಂಕ ಆಗಬೇಕು. ಅಂದ್ರ ನಿನ್ನ ಪಕ್ಕದಾಗ ಕುಂತ 27ರ ಹುಡುಗಗ ಪಾಸ್ ಕೊಡಿಸೋ ಸಂಬಳ ನಿನಗ ಕೊಡಿಸೂದಿಲ್ಲ, ಕಂಪನಿಗೆ ನೀನ ಬೇಕಾಗಿದ್ರೂ. ಈ ಮಿತಿ ಆಗಾಗ ಏರಸತಾರ, ಇಳಿಸಿದ್ದಿಲ್ಲ. ಆದ್ದರಿಂದ ಸಾಲದ ಕಂತು ಬ್ಯಾಡಗಿ ಅಂಗಡಿಯ ಆದಾಯದ ಮ್ಯಾಲ ಹೊಂದತೈತೋ ಇಲ್ಲೋ ನೋಡ್ಕೊ. ಹೊಂದಿದ್ರ ಧೈರ್ಯಲೇ ಹೋಗು. ಕಲಿತದ್ದು ವಾಪಸ್ ಅದ ಅಂಗಡಿಗೆ ಬರಬೇಕು, ಹಂಗ ಅಂದ್ಕೊಂಡ ವಿಷಯಗಳ್ನೂ ಆರಿಸು.

ಈಗ ಅಂಗಡಿ. ನಿನ್ನ ಕ್ಲಾಸು ಜೋರು ಹಿಡಿಯೋ ಹೊತ್ತಿಗೆ, ಜನವರಿಯಿಂದ ಮಾರ್ಚ್‌ಮಟ, ಇಲ್ಲೆ ಸೀಸನ್ನೂ ಜೋರು. ಸೋಮವಾರ, ಗುರುವಾರ ಟೆಂಡರ್ ದಿನ ತಮ್ಮ ಫೋನ್ ಮಾಡೇ ಮಾಡತಾನ. ಸಿಂಗಾಪುರ ನಮಗಿಂತ ಎರಡೂವರಿ ತಾಸು ಮುಂದ. ಬ್ಯಾಡಗಿಯಾಗ ಮಧ್ಯಾಹ್ನ 12 ಅಂದ್ರ ಅಲ್ಲೆ ಎರಡೂವರಿ, ನೀ ಕ್ಲಾಸಿನ್ಯಾಗ ಇರತಿ. ಹಿಂಗಾಗಿ ಯಾವ ದರದಮಟ ತಮ್ಮ ತಾನ ನಿರ್ಧಾರ ಮಾಡಬೇಕು, ಎಷ್ಟು ಚೀಲ ದಾಟಿದ್ರ ನಿನ್ನ ಕೇಳಬೇಕು ಅನ್ನೂದು ಈಗ ಒಂದು ಹಾಳಿ ಮ್ಯಾಲ ಬರದು ಕೊಡು. ಕಡ್ಡಿ ಕಾಯಿಗೊಂದು, ಡಬ್ಬಿ ಕಾಯಿಗೊಂದು, ಎರಡೂ ತಳಿಗೆ ಬ್ಯಾರೆ ಬ್ಯಾರೆ. ಮಾತಿಗೆ ಒಂದ ಹೊತ್ತು ಗೊತ್ತು ಮಾಡು: ಅಂಗಡಿ ಮುಚ್ಚಿದ ಮ್ಯಾಲ ಇಲ್ಲಿ ಸಂಜಿ ಏಳು, ಅಲ್ಲಿ ರಾತ್ರಿ ಒಂಬತ್ತೂವರಿ.

ಜಿಎಸ್‌ಟಿ ವಿಷಯದಾಗ ಎಲ್ಲಾರೂ ಎಡವತಾರ. ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕ, ತೆರಿಗೆ ತುಂಬೋ ರಿಟರ್ನ್ 3ಬಿ 20ಕ್ಕ. ನಿನ್ನ ಹೆಸರಿನ ಅಂಗಡಿ ಇದ್ರ ಓಟಿಪಿ ನಿನ್ನ ಮೊಬೈಲಿಗೇ ಬರತೈತಿ, ನೀ ಪರೀಕ್ಷೆಯಾಗ ಕುಂತಿರತಿ, ಓಟಿಪಿ ಅವಧಿ ಮುಗಿದು ಹೋಗತೈತಿ, ಆಡಿಟರ್ ಆಫೀಸಿನ ಹುಡುಗ ನಾಳೆ ನೋಡೂಣು ಅಂತಾನ, ಲೇಟ್ ಫೀ ಶುರು. ಪೋರ್ಟಲ್‌ನ್ಯಾಗ ತಮ್ಮನ್ನ ಆಥರೈಸ್ಡ್ ಸಿಗ್ನೇಟರಿ, ಅಂದ್ರ ಸಹಿ ಅಧಿಕಾರ ಇದ್ದವ ಅಂತ ಸೇರಿಸಿ, ಪ್ರೈಮರಿ ಅವನ್ನ ಮಾಡು. ಡಿಜಿಟಲ್ ಸಹಿ ಬೇಕಾಗೂ ಕೆಲಸ ಇದ್ರ ಅವನ ಹೆಸರಲೇ ಬ್ಯಾರೆ ತಗಸು. ನಿನ್ನ ಡಿಜಿಟಲ್ ಸಹಿಯ ಟೋಕನ್, ಪಾಸ್‌ವರ್ಡ್ ಕೊಟ್ಟು ಹೋಗೂದು ಎಷ್ಟ ನಂಬಿಕಸ್ತ ತಮ್ಮ ಇದ್ರೂ ಸರಿ ಅಲ್ಲ.

ಮುಖತ್ಯಾರ ಪತ್ರ ಹೋಗೋ ಮೊದಲ ಇಲ್ಲೇ ಸಬ್‌ರಿಜಿಸ್ಟ್ರಾರ್ ಆಫೀಸಿನ್ಯಾಗ ಮಾಡಿಸು. ಸಿಂಗಾಪುರದಿಂದ ಮಾಡೂದು ಅಂದ್ರ ಅಲ್ಲಿ ಭಾರತದ ಹೈಕಮಿಷನ್‌ನ್ಯಾಗ ದೃಢೀಕರಣ ಮಾಡಿಸಿ, ಕಾಗದ ಇಲ್ಲಿ ಮುಟ್ಟಿದ ಮೂರು ತಿಂಗಳೊಳಗ ಸ್ಟ್ಯಾಂಪ್ ಡ್ಯೂಟಿ ತುಂಬಬೇಕು. ಅಷ್ಟರಾಗ ಸೀಸನ್ ಮುಗಿದಿರತೈತಿ. ಪತ್ರದಾಗ "ಎಲ್ಲಾ ವ್ಯವಹಾರ" ಅಂತ ಒಂದ ಸಾಲು ಸಾಲೂದಿಲ್ಲ. ಯಾವ ಬ್ಯಾಂಕಿನ ಯಾವ ಖಾತೆ, ಎಪಿಎಂಸಿ ಲೈಸನ್ಸ್ ನವೀಕರಣ, ಜಿಎಸ್‌ಟಿ, ಆದಾಯ ತೆರಿಗೆ ನೋಟಿಸಿಗೆ ಉತ್ತರ, ಎಲ್ಲಾ ಬಿಡಿಸಿ ಬರಸು. ಕೋಲ್ಡ್ ಸ್ಟೋರೇಜ್ ರಸೀದಿ ಮರೀಬ್ಯಾಡ. ರಸೀದಿ ನಿನ್ನ ಹೆಸರಲೇ ಇದ್ರ ಮಾಲು ಬಿಡಸಾಕ ನಿನ್ನ ಸಹಿನ ಕೇಳತಾರ, ದರ ಏರಿದ ದಿನಾ ಚೀಲ ಒಳಗ ಕುಂತಿರತಾವ.

ಫೋನು ಎರಡು ಸಿಮ್ಮಿಂದ ತಗೋ. ಬ್ಯಾಂಕಿನ ಆ್ಯಪು, ಯುಪಿಐ ನಡಿಬೇಕಂದ್ರ ಊರಿನ ಸಿಮ್ ಆ ಫೋನಿನ್ಯಾಗ ಇರಬೇಕು. ಅಂತರರಾಷ್ಟ್ರೀಯ ರೋಮಿಂಗ್ ಇಲ್ಲಿಂದ ಚಾಲೂ ಮಾಡಿಸಿ ಹೋಗು, ರೀಚಾರ್ಜ್ ತಪ್ಪಸಬ್ಯಾಡ.

ರೊಕ್ಕದ ಮಾತು. ಓದಾಕ ಹೋದವರನ್ನ ರಿಸರ್ವ್ ಬ್ಯಾಂಕು ಫೆಮಾ ಅನ್ನೋ ವಿದೇಶಿ ವಿನಿಮಯ ಕಾಯ್ದೆ ಲೆಕ್ಕದಾಗ 2003ರಿಂದ ಅನಿವಾಸಿ ಅಂತನ ಹಿಡಿಯತೈತಿ. ಇದು ಭಾಳ ಮಂದಿಗೆ ಗೊತ್ತಿಲ್ಲ. ನಿನ್ನ ಉಳಿತಾಯ ಖಾತೆ ಎನ್‌ಆರ್‌ಒ, ಅಂದ್ರ ಅನಿವಾಸಿಗಳ ರೂಪಾಯಿ ಖಾತೆ ಅಂತ ಬದಲ ಮಾಡಿಸಬೇಕು, ಇದನ್ನ ಬ್ಯಾಂಕಿನವರು ತಾವಾಗಿ ಹೇಳತಾರಂತ ಕಾಯಬ್ಯಾಡ. ಫೀ ಕಳಸೋವಾಗ ಬ್ಯಾಂಕಿಗೆ ಕೊಡೋ ಎ2 ಫಾರ್ಮಿನ್ಯಾಗ ಉದ್ದೇಶ ಶಿಕ್ಷಣ ಅಂತನ ಇರಲಿ. ಕೌಂಟರಿನ್ಯಾಗ ಅವಸರದಾಗ ಬ್ಯಾರೆ ಕೋಡ್ ಹಾಕಿದ್ರ ಟಿಸಿಎಸ್, ಅಂದ್ರ ಹೊರದೇಶಕ್ಕ ರೊಕ್ಕ ಕಳಸೋವಾಗ ಬ್ಯಾಂಕು ಮೊದಲ ಹಿಡಿಯೋ ತೆರಿಗೆ, ಅದರ ದರನ ಬ್ಯಾರೆ ಆಗತೈತಿ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಾಗ 10 ಲಕ್ಷದಮಟ ಟಿಸಿಎಸ್ ಇಲ್ಲ. ಬ್ಯಾಂಕಿನ ಶಿಕ್ಷಣ ಸಾಲದಿಂದ ನೇರ ಹೋದ ಫೀಗೂ ಇಲ್ಲ. ಸ್ವಂತ ರೊಕ್ಕ 10 ಲಕ್ಷ ದಾಟಿದ್ರ ಹಿಡಿತಾರ, ರಿಟರ್ನ್‌ನ್ಯಾಗ ಹೊಂದಿಸ್ಕೋಬಹುದು, ಆದ್ರ ಅಲ್ಲಿಮಟ ಆ ರೊಕ್ಕ ಸಿಕ್ಕೊಂಡಿರತೈತಿ. ಮೊದಲನೇ ಕಂತು ಮಾರ್ಚ್ ಒಳಗ, ಎರಡನೇದು ಏಪ್ರಿಲ್ ಆದಮ್ಯಾಲ ಕಳಸೋ ಅವಕಾಶ ಇದ್ರ ಎರಡು ವರ್ಷದ ಮಿತಿ ಸಿಗತೈತಿ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಾಗ ವಿನಾಯಿತಿ 8 ವರ್ಷದಮಟ ಐತಿ, ಮಿತಿ ಇಲ್ಲ, ಆದ್ರ ಹಳೇ ತೆರಿಗೆ ಪದ್ಧತಿಯಾಗ ಇದ್ದವರಿಗೆ ಅಷ್ಟ. ಹೊಸಾದ್ರಾಗ ಇದ್ದಿ ಅಂದ್ರ ಎರಡೂ ಲೆಕ್ಕ ಹಾಕಿ ನೋಡ್ಕೊ. ಮತ್ತ ಕಾಲೇಜು ಹೇಳಿದ ಫೀಯೊಳಗ ಅಲ್ಲಿನ 9% ಜಿಎಸ್‌ಟಿ ಸೇರೇತೋ ಇಲ್ಲೋ ಮೇಲ್ ಬರದು ಕೇಳು. ಅಲ್ಲೂ ಜಿಎಸ್‌ಟಿ ಅಂತನ ಹೆಸರು.

ಸ್ಟೂಡೆಂಟ್ ಪಾಸ್ ಅರ್ಜಿ ಕೋರ್ಸ್ ಶುರು ಆಗೂದಕ್ಕ ಕಮ್ಮಿ ಅಂದ್ರ ಒಂದು ತಿಂಗಳ ಮೊದಲ ಆನ್‌ಲೈನ್ ಹಾಕಬೇಕು. ಒಪ್ಪಿಗಿ ಪತ್ರ ಬಂತಂದ್ರ ಅದರಾಗನ ಒಂದು ಸಲ ಒಳಗ ಹೋಗೋ ವೀಸಾ ಇರತೈತಿ, ಬ್ಯಾರೆ ವೀಸಾ ಬ್ಯಾಡ. ಎದಿ ಎಕ್ಸ್‌ರೇ, ಎಚ್‌ಐವಿ ಪರೀಕ್ಷೆ ಕಡ್ಡಾಯ. ಎಸ್‌ಜಿ ಅರೈವಲ್ ಕಾರ್ಡ್ ಅಲ್ಲಿ ಇಳಿಯೋಕಿಂತ ಮೊದಲಿನ ಮೂರು ದಿನದೊಳಗ ಆನ್‌ಲೈನ್ ತುಂಬೂದು, ಪುಕ್ಕಟ. ರೊಕ್ಕ ಕೇಳೋ ವೆಬ್‌ಸೈಟ್ ಕಂಡ್ರ ಅದು ಖೋಟಾ. ನಮ್ಮ ವಯಸ್ಸಿನವರಿಗೆ ಬರೋ ತೊಡಕು ಅಂದ್ರ ಹೆಸರು: ಎಸ್‌ಎಸ್‌ಎಲ್‌ಸಿಯಾಗ ಇನಿಶಿಯಲ್, ಬಿಕಾಂ ಮಾರ್ಕ್ಸ್ ಕಾರ್ಡಿನ್ಯಾಗ ಅಡ್ಡಹೆಸರು, ಪಾಸ್‌ಪೋರ್ಟಿನ್ಯಾಗ ಅಪ್ಪನ ಹೆಸರು. ಮೂರೂ ಒಬ್ಬಂದ ಅನ್ನೋ ಅಫಿಡವಿಟ್ ಈಗ ಮಾಡಿಸಿ ಇಟ್ಗೊ.

ವೈನಿಯವರಿಗೆ ಈ ಮಾತು ನೀನ ಹೇಳು, ಬ್ಯಾರೆಯವರಿಂದ ಗೊತ್ತಾಗೂದು ಬ್ಯಾಡ: ಸ್ಟೂಡೆಂಟ್ ಪಾಸಿನ ಮ್ಯಾಲ ಹೆಂಡತಿ ಮಕ್ಕಳಿಗೆ ಡಿಪೆಂಡೆಂಟ್ ಪಾಸ್ ಸಿಗೂದಿಲ್ಲ. ಪ್ರವಾಸಿ ವೀಸಾ ಮ್ಯಾಲ ಬಂದು ಸ್ವಲ್ಪ ದಿನ ಇದ್ದು ಹೋಗಬಹುದು ಅಷ್ಟ. ಮಕ್ಕಳ ದೀಪಾವಳಿ ಇಲ್ಲಾ ಬ್ಯಾಸಿಗಿ ಸೂಟಿ ನಿನ್ನ ಪರೀಕ್ಷೆ ಪಟ್ಟಿ ಜೋಡಿ ಇಟ್ಟು ನೋಡಿ, ಟಿಕೆಟ್ ಮೊದಲ ತಗಸು.

ಇನ್ನ ಪೆಟ್ಟಿಗಿ. ಗಸಗಸಿ ಒಂದು ಕಾಳೂ ಬ್ಯಾಡ. ಸಿಂಗಾಪುರದಾಗ ಅದು ನಿಷೇಧಿತ ಮಾಲು, ಮಾದಕ ವಸ್ತು ನೋಡೋ ಇಲಾಖೆಯವರ ಕೈಗೆ ಹೋಗತೈತಿ. ಗಸಗಸಿ ಪುಡಿಕಿ ಯಾರೂ ಇಡೂದಿಲ್ಲ, ನನಗೂ ಗೊತ್ತೈತಿ. ಆದ್ರ ಮನ್ಯಾಗ ಕುಟ್ಟಿಸಿದ ಮಸಾಲಿ ಖಾರದಾಗ ಹಾಕಿರತಾರ, ಅಂಟಿನ ಉಂಡಿ ಮ್ಯಾಲೂ ಇರತೈತಿ. ನಿನ್ನ ಸಲುವಾಗಿ ಒಂದು ಕಿಲೋ ಖಾರ ಗಸಗಸಿ ಇಲ್ಲದ ಬ್ಯಾರೆ ಕುಟ್ಟಸು. ಗುಟ್ಕಾ, ಜರ್ದಾ, ಬಾಯಾಗ ಹಾಕೋ ಯಾವ ತಂಬಾಕೂ ಬ್ಯಾಡ, ಅದೂ ನಿಷೇಧ. ಬಿಪಿ, ಸಕ್ಕರಿ ಗುಳಿಗಿ ಮೂರು ತಿಂಗಳಿಗಾಗುವಷ್ಟು, ಡಾಕ್ಟರ ಚೀಟಿ ಇಂಗ್ಲಿಷಿನ್ಯಾಗ, ಗುಳಿಗಿ ಅದರ ಪಟ್ಟಿಯಾಗನ ಇರಲಿ, ಡಬ್ಬಿಗೆ ಸುರುವಬ್ಯಾಡ. ನಿದ್ದಿ ಗುಳಿಗಿ, ಕೊಡೀನ್ ಇರೋ ಕೆಮ್ಮಿನ ಔಷಧಕ್ಕ ಮೊದಲ ಒಪ್ಪಿಗಿ ಬೇಕು. ಓದೋ ಚಾಳೀಸು ಎರಡು ಜೋಡಿ ಒಯ್ಯಿ. ಖಟಕ್ ರೊಟ್ಟಿ ಒಯ್ದ್ರ ಗಟ್ಟಿ ಮುಚ್ಚಳದ ಡಬ್ಬಿ ಬೇಕು. ವರ್ಷಪೂರ್ತಿ ತೇವದ ಹವಾ ಅದು, ತೆರೆದಿಟ್ಟ ರೊಟ್ಟಿ ಮರುದಿನಾನ ಮೆತ್ತಗಾಗಿ, ನಾಕ ದಿನಕ್ಕ ಬೂಸ್ಟು ಹಿಡಿತೈತಿ. ಕರೆಂಟು ನಮ್ಮಂಗ 230 ವೋಲ್ಟ್, ಮಿಕ್ಸರ್ ನಡಿಯತೈತಿ, ಚೌಕ ಮೂರು ಕಾಲಿನ ಪ್ಲಗ್ಗಿಗೆ ಅಡಾಪ್ಟರ್ ಸಾಕು.

ಖೋಲಿ ಹಿಡಿಯೋವಾಗ ಬಾಡಿಗಿಕಿಂತ ಮೊದಲ ಅಡಗಿ ಕೇಳು. ಕರಾರಿನ್ಯಾಗ "ಲೈಟ್ ಕುಕಿಂಗ್" ಅಂತ ಬರದಿರತಾರ. ಅಂದ್ರ ನೂಡಲ್ಸ್ ಕುದಸೂದು, ಬ್ರೆಡ್ ಸುಡೂದು. ಬಳ್ಳೊಳ್ಳಿ ಒಗ್ಗರಣಿ ಹಾಕಿದ ದಿನಾನ ಮಾಲೀಕರ ಮೆಸೇಜು ಬರತೈತಿ. ಒಗ್ಗರಣಿ, ಖಾರ, ದಿನಕ್ಕೆರಡು ಸಲ ಒಲಿ ಅಂತ ಬಿಡಿಸಿ ಹೇಳಿ, ಹೂಂ ಅಂದದ್ದನ್ನ ಕರಾರಿನ್ಯಾಗ ಬರಸು. ಸರ್ಕಾರಿ ಎಚ್‌ಡಿಬಿ ಫ್ಲ್ಯಾಟಿನ ಖೋಲಿ ಕಮ್ಮಿ ಅಂದ್ರ ಆರು ತಿಂಗಳಿಗೆ ಹಿಡಿಬೇಕು, ಖಾಸಗಿಯಾದ್ರ ಮೂರು. ಏಜೆಂಟ್ ಹೆಸರು ಸಿಇಎ ಅನ್ನೋ ಸರ್ಕಾರಿ ಪಟ್ಟಿಯಾಗ ಐತೋ ನೋಡದ, ಖೋಲಿ ಕಣ್ಣಿಲೆ ನೋಡದ ಇಲ್ಲಿಂದ ಡಿಪಾಸಿಟ್ ಕಳಸಬ್ಯಾಡ. ಮೊದಲ ಎರಡು ವಾರ ಹಾಸ್ಟೆಲ್ ಇಲ್ಲಾ ಲಾಡ್ಜು ಹಿಡಿದು ಹುಡುಕು.

ಊಟಕ್ಕ ಸೆರಂಗೂನ್ ರೋಡ್ ಐತಿ, 1947ರಿಂದ ನಡದ ಕೋಮಲ ವಿಲಾಸ ಅಲ್ಲೇ ಐತಿ. ದಿನಸಿಗೆ ಮುಸ್ತಫಾ ಸೆಂಟರ್. ಕ್ಯಾಂಪಸ್ ಹತ್ತರದ ಹಾಕರ್ ಸೆಂಟರಿನ್ಯಾಗ, ಅಂದ್ರ ಸಣ್ಣ ಸಣ್ಣ ಊಟದ ಅಂಗಡಿ ಒಂದ ಕಡೆ ಇರೋ ಜಾಗಾದಾಗ, ಬರೇ "ವೆಜಿಟೇರಿಯನ್" ಅಂದ್ರ ಸಾಲೂದಿಲ್ಲ, ಪಲ್ಲೆ ಮ್ಯಾಲ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್, ಸಂಬಾಲ್ ಚಟ್ನಿಯಾಗ ಒಣ ಸಿಗಡಿ ಇರತೈತಿ. ಬೌದ್ಧರ ಶಾಕಾಹಾರಿ ಅಂಗಡಿ ಹುಡುಕು. ಅಲ್ಲೆ ಉಳ್ಳಾಗಡ್ಡಿ ಬಳ್ಳೊಳ್ಳಿನೂ ಹಾಕೂದಿಲ್ಲ. ಟೇಬಲ್ ಮ್ಯಾಲ ಟಿಶ್ಯೂ ಪಾಕೀಟು ಇಟ್ಟಿದ್ರ ಆ ಜಾಗಾ ಯಾರೋ ಹಿಡಿದಾರ ಅಂತ ಅರ್ಥ. ಉಂಡ ತಾಟು ನೀನ ಒಯ್ದು ಇಡಬೇಕು, ಇಲ್ಲಂದ್ರ ದಂಡ.

ಕ್ಲಾಸಿನ್ಯಾಗ ದೊಡ್ಡ ಬದಲ ಅಂದ್ರ ಕೇಸ್. ಹದಿನೈದು ಇಪ್ಪತ್ತು ಪುಟದ ಒಂದು ಕಂಪನಿ ಕಥಿ ಕೊಡತಾರ, ಅಂಥಾವು ದಿನಕ್ಕ ಎರಡು. ಮೊದಲ ಸಾಲಿನಿಂದ ಓದಾಕ ಹತ್ತಿದ್ರ ರಾತ್ರಿ ಸಾಲೂದಿಲ್ಲ. ಮೊದಲನೇ ಪುಟ, ಕಡೀ ಪ್ಯಾರಾ ಓದು: ಯಾರು, ಯಾವಾಗಿನೊಳಗ, ಏನು ನಿರ್ಧಾರ ಮಾಡಬೇಕು. ಆಮ್ಯಾಲ ಹಿಂದಿನ ಕೋಷ್ಟಕ ತಗದು ಮೂರು ಲೆಕ್ಕ ಮಾಡು. ಕಥಿ ಓದೂದು ಆಮ್ಯಾಲ. ಕಡೀಕ ನೀ ಏನು ಮಾಡತಿದ್ದಿ ಅನ್ನೂದು ಒಂದ ಸಾಲು ಬರಿ.

ಕ್ಲಾಸಿನ್ಯಾಗ ಮಾತಾಡೂದಕ್ಕೂ ಅಂಕ ಅದಾವ, ವಯಸ್ಸಾದವರು ಅಂಕ ಕಳಕೊಳ್ಳೂದೂ ಇಲ್ಲೇ. ಅನುಭವ ಭಾಳ ಇರತೈತಿ, ಐದು ನಿಮಿಷ ಊರ ಸುದ್ದಿ ಹೇಳತಾರ. ನಿನ್ನ ಮಾತಿನ್ಯಾಗ ಒಂದು ಅಂಕಿ ಇರಲಿ. ದಾಸ್ತಾನಿನ ಪಾಠ ಬಂತು ಅಂತ ಇಟ್ಗೊ. "ಕ್ವಿಂಟಲಿಗೆ 20,000ದಂಗ 100 ಕ್ವಿಂಟಲ್ ಮೆಣಸಿನಕಾಯಿ ಹಿಡಿದ್ರ 20 ಲಕ್ಷ. ಬಡ್ಡಿ ವರ್ಷಕ್ಕ 12%. ಆರು ತಿಂಗಳು ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ರ ಬಡ್ಡಿನ 1,20,000. ಅಂದ್ರ ಬಾಡಿಗಿ ಹಿಡೀದನ ಕ್ವಿಂಟಲಿಗೆ 1,200 ಏರದಿದ್ರ ನಷ್ಟ. ಹೊರಗಿಟ್ರ ಬಣ್ಣ ಇಳಿತೈತಿ, ಬ್ಯಾಡಗಿ ಕಾಯಿಗೆ ದರ ಬಣ್ಣಕ್ಕ." ಅಷ್ಟ ಹೇಳಿ ಸುಮ್ಮನ ಕುಂಡ್ರು. ಇಡೀ ಕ್ಲಾಸಿಗೆ ತಿಳಿತೈತಿ, ಪ್ರಾಧ್ಯಾಪಕರು ಮುಂದಿನ ಪ್ರಶ್ನೆ ನಿನಗ ಕೇಳತಾರ. ಪ್ರಾಜೆಕ್ಟಿಗೂ ಇದನ್ನ ಹಿಡಿ: ಯಾವಾಗ ಮಾರಬೇಕು, ಎಷ್ಟು ಇಡಬೇಕು, ಮೆಣಸಿನಕಾಯಿಯಿಂದ ಬಣ್ಣದ ಸಾರ ತಗಿಯೋ ಓಲಿಯೋರೆಸಿನ್ ಕಂಪನಿಗೆ ಬಣ್ಣದ ಅಂಕಿ ಮ್ಯಾಲ ನೇರ ಕೊಡಬಹುದೇನು.

ಕೀರ್ದಿ ಖಾತೆ ಬಲ್ಲವಗ ಅಕೌಂಟಿಂಗ್ ಸರಳ. ಟ್ಯಾಲಿ ಮಾಡಿಕೊಟ್ಟದ್ದನ್ನ ಎಕ್ಸೆಲ್‌ನ್ಯಾಗ ನೀನ ಕಟ್ಟಬೇಕು, ಅದು ತ್ರಾಸ. ಈಗಿನಿಂದ ದಿನಾ ಒಂದು ತಾಸು, ಮೌಸ್ ಮುಟ್ಟದ, ಹೋದ ಸೀಸನ್ನಿನ ಲೆಕ್ಕ ಹಾಕಿ ರೂಢಿ ಮಾಡು. ಸ್ಟ್ಯಾಟಿಸ್ಟಿಕ್ಸ್‌ನ್ಯಾಗ ಸರಾಸರಿ, ಪ್ರಮಾಣ ವಿಚಲನೆ, ರಿಗ್ರೆಷನ್ ಇಷ್ಟು ಮುಗಿಸಿ ಹೋಗು. ಬ್ಯಾರೆಯವರ ಒಂದು ಸಾಲು ತಗೊಂಡ್ರೂ ಎಲ್ಲಿಂದ ಅಂತ ಬರೀಬೇಕು. ನಮ್ಮ ಕಾಲದ ನೋಟ್ಸ್ ಉರು ಹೊಡಿಯೋ ರೂಢಿ ಅಲ್ಲೆ ಕಳವು ಅನಸತೈತಿ, ಅದನ್ನ ಹಿಡಿಯಾಕ ಸಾಫ್ಟ್‌ವೇರ್ ಅದಾವ.

ಗುಂಪಿನ್ಯಾಗ ಎಲ್ಲಾರೂ ನಿನಗಿಂತ ಹದಿನೈದು ವರ್ಷ ಸಣ್ಣವರು, ಹೆಸರು ಹಿಡಿದ ಕರಿತಾರ. ಯಜಮಾನಕಿ ಮಾಡಬ್ಯಾಡ, ಹಂಗಂತ ಹಿಂದ ಸರಿದು ಕುಂಡ್ರಬ್ಯಾಡ. ಲೆಕ್ಕದ ಶೀಟು ನಂದು ಅಂತ ಮೊದಲನೇ ದಿನಾನ ತಗೊಂಡುಬಿಡು.

ಜುಲೈ ಮೊದಲನೇ ವಾರ ಒಂದು ಕೆಲಸ ಮಾಡು. ಹದಿನೈದು ದಿನಾ ಬ್ಯಾಡಗಿ ಬಿಟ್ಟು ಇಲ್ಲೆ ಹುಬ್ಬಳ್ಳಿಗೆ ಬಾ. ಅಂಗಡಿ ಕಡೆ ಹಾಯಬ್ಯಾಡ, ಫೋನು ಸಂಜಿ ಏಳಕ್ಕ ಅಷ್ಟ ತಗಿ. ಆ ಹದಿನೈದು ದಿನದಾಗ ತಮ್ಮ ಯಾವ್ಯಾವುದಕ್ಕ ಫೋನ್ ಮಾಡಿದ ಬರದಿಡೂಣು. ಒಂದೊಂದು ಫೋನೂ ನೀ ಕೊಡಾಕ ಮರೆತ ಒಂದು ಸಹಿ, ಒಂದು ಕೀಲಿ. ತುಂಬಸಾಕ ಇನ್ನೂ ಎರಡು ವಾರ ಉಳಿದಿರತಾವ. ನಮ್ಮ ಮನಿ ಮ್ಯಾಲಿನ ಖೋಲಿ ಖಾಲಿ ಐತಿ, ಮೇಜು ಕುರ್ಚಿ ಹಾಕಿಸೇನಿ. ಲ್ಯಾಪ್‌ಟಾಪ್ ತಗೊಂಡು ಬಾ.

ನಿನ್ನ ಗೆಳೆಯ