ಕುತ್ ತಲುಪದ ಹಿಟ್ಟಿನ ಮೂಟೆ

ಪ್ರಿಯ ಗೆಳೆಯ,

ಭಾರತದಿಂದ ಅಷ್ಟೊಂದು ಸೈನ್ಯ ಇರಾಕಿನ ಬಸ್ರಾ ಬಂದರಿನಲ್ಲಿ ಹೋಗಿ ಇಳಿದರೂ, ಮೊದಲ ಮಹಾಯುದ್ಧದ ಹೊತ್ತಿಗೆ, 1916ರಲ್ಲಿ, ತುರ್ಕರು ಮುತ್ತಿಗೆ ಹಾಕಿದ್ದ ಟೈಗ್ರಿಸ್ ನದಿ ದಂಡೆಯ ಕುತ್ ಊರನ್ನು ಬ್ರಿಟಿಷರು ಯಾಕೆ ಕಳಕೊಂಡರು ಅಂತ ಕೇಳಿದ್ದೀಯ. ಸೇನಾಪತಿಗಳ ಜಾಣತನ, ದಡ್ಡತನ ಆಮೇಲೆ ನೋಡೋಣ. ಮೊದಲು ದೋಣಿ ಎಣಿಸು.

ಬಸ್ರಾ ಅವರ ಕೈಗೆ ಬಂದದ್ದು 1914ರ ನವೆಂಬರ್‌ನಲ್ಲಿ. ವರ್ಷ ಕಳೆದರೂ ಅಲ್ಲಿ ದೊಡ್ಡ ಹಡಗು ತಾಗಿ ನಿಲ್ಲುವ ಧಕ್ಕೆ ಇರಲಿಲ್ಲ. ಹಡಗು ನಡುಹೊಳೆಯಲ್ಲಿ ಲಂಗರು ಹಾಕಬೇಕು, ಸಾಮಾನನ್ನು ಅರಬರ ಹಾಯಿದೋಣಿಗಳಿಗೆ ಇಳಿಸಬೇಕು, ಅಲ್ಲಿಂದ ಕೆಸರು ದಂಡೆಗೆ ಹೊರಬೇಕು. ಹಡಗುಗಳು ವಾರಗಟ್ಟಲೆ ಸರದಿ ಕಾದವು. ತುಂಬಿಸುವಾಗಲೇ ಇನ್ನೊಂದು ಎಡವಟ್ಟು ಆಗಿತ್ತು: ದಳ ಒಂದು ಹಡಗಲ್ಲಿ, ಅದರ ಹೇಸರಗತ್ತೆ ಮತ್ತು ಗಾಡಿ ಇನ್ನೊಂದರಲ್ಲಿ, ವೈದ್ಯಕೀಯ ತಂಡ ಮತ್ತೆಲ್ಲೋ. ಮೊದಲು ಬೇಕಾದದ್ದನ್ನು ಕೊನೆಗೆ, ಮೇಲುಗಡೆ ತುಂಬಬೇಕು ಅನ್ನುವುದು ಸರಕು ಹೇರುವವರ ಮೊದಲ ಪಾಠ. ಅವಸರದಲ್ಲಿ ಅದನ್ನೇ ಮರೆತರು.

ಬಸ್ರಾದಿಂದ ಕುತ್‌ಗೆ ನದಿದಾರಿ ನಾನೂರು ಕಿಲೋಮೀಟರಿಗೂ ಹೆಚ್ಚು. ಆಗ ರೈಲಿಲ್ಲ, ಮಳೆ ಬಂದರೆ ದಾರಿಯೆಲ್ಲ ಕೆಸರು. ಉಳಿದದ್ದು ಕಡಿಮೆ ಆಳದಲ್ಲಿ ತೇಲುವ ಸ್ಟೀಮರ್‌ಗಳು. ಎರಡೂ ಪಕ್ಕಕ್ಕೆ ಒಂದೊಂದು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಕಟ್ಟಿಕೊಂಡು ಹೋಗುವಂಥವು. ನಡುದಾರಿಯ ಅಮಾರಾ ಊರಿಗಿಂತ ಕೆಳಗೆ ನದಿ ಸಣ್ಣದಾಗಿ ಸುತ್ತಿ ಹರಿಯುತ್ತದೆ. ತಿರುವಿನಲ್ಲಿ ಬಾರ್ಜ್ ದಂಡೆಗೆ ಬಡಿಯುತ್ತದೆ, ಎದುರಿನಿಂದ ಇನ್ನೊಂದು ಬಂದರೆ ಒಂದು ನಿಲ್ಲಲೇಬೇಕು.

ಈಗ ನೀನೇ ಒಂದು ಲೆಕ್ಕ ಹಾಕು. ಬಾರ್ಜ್ ಸಮೇತ ಒಂದು ಸ್ಟೀಮರ್ 300 ಟನ್ ಒಯ್ದು ಹತ್ತು ದಿನಕ್ಕೆ ವಾಪಸು ಬರುತ್ತದೆ ಅಂತಿಟ್ಟುಕೋ. ಕೇಳಲು ದೊಡ್ಡ ಮೊತ್ತ. ದಿನಕ್ಕೆ ಬಿದ್ದದ್ದು 30 ಟನ್ ಮಾತ್ರ. ಮನುಷ್ಯನಿಗೆ ಹಿಟ್ಟು, ಬೇಳೆ, ತುಪ್ಪ ಸೇರಿ ದಿನಕ್ಕೆ ಒಂದು ಕಿಲೋ ಆಸುಪಾಸು. ಕುದುರೆಗೆ ಕಾಳು, ಹುಲ್ಲು ಸೇರಿ ಒಂಬತ್ತು ಹತ್ತು ಕಿಲೋ. ಅಂದರೆ ಮೂರು ಸಾವಿರ ಕುದುರೆ ಒಂದಿಡೀ ಸ್ಟೀಮರನ್ನು ತಿಂದು ಮುಗಿಸುತ್ತವೆ. ಮದ್ದುಗುಂಡು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಸ್ಟೀಮರಿನಲ್ಲಿ ಹೊಸ ಸೈನಿಕರನ್ನು ಕೂರಿಸಿದರೆ ಆ ಸಲ ಹಿಟ್ಟು ಹೋಗಲಿಲ್ಲ. ಮೇಲೆ ತಲುಪಿದ ಮೇಲೆ ಅವರೂ ಉಣ್ಣುವವರೇ. ಹಾಗಾಗಿ 1916ರ ಜನವರಿಯಲ್ಲಿ, ಮುತ್ತಿಗೆ ಬಿಡಿಸಲು ಹೊರಟಿದ್ದ ಸೇನಾಪತಿ ಏಲ್ಮರ್ ಕುತ್ ದಾರಿಯ ಹನ್ನಾದಲ್ಲಿ ಸೋಲುತ್ತಿದ್ದಾಗ ಹತ್ತು ಸಾವಿರದಷ್ಟು ಜನ, 12 ಫಿರಂಗಿ ಬಸ್ರಾದಲ್ಲೇ ಕೂತಿದ್ದವು.

ಏಲ್ಮರ್‌ಗೆ ಅವಸರ ಯಾಕೆ? ಕುತ್ ಒಳಗೆ ಸಿಕ್ಕಿಬಿದ್ದಿದ್ದ ಪಡೆಯ ಸೇನಾಪತಿ ಟೌನ್‌ಶೆಂಡ್ ಮೊದಲು ಎರಡು ತಿಂಗಳ ದಿನಸಿ ಇದೆ ಅಂದಿದ್ದ. ಪಡೆ ಪೂರ್ತಿ ಸೇರುವ ಮೊದಲೇ ಏಲ್ಮರ್ ನುಗ್ಗಿದ. ಹನ್ನಾಕ್ಕಿಂತ ಮೊದಲು ಶೇಖ್ ಸಾದ್‌ನಲ್ಲಿ ನಡೆದ ಕಾದಾಟದಲ್ಲಿ ಗಾಯಗೊಂಡವರು ಸಾವಿರಗಟ್ಟಲೆ, ಆರೈಕೆಯ ಏರ್ಪಾಡು ಕೆಲವು ನೂರು ಜನಕ್ಕೂ ಸಾಲದು. ಜನವರಿ ಕೊನೆಗೆ ಕುತ್ ಊರಿನ ಮನೆಗಳನ್ನು ಶೋಧಿಸಿದಾಗ ಅಡಗಿಸಿಟ್ಟ ಧಾನ್ಯ ಸಿಕ್ಕಿತು. ಕುದುರೆಗಳನ್ನೂ ಕೊಂದು ತಿಂದರೆ ಇನ್ನೂ 84 ದಿನ ತಳ್ಳಬಹುದು ಅಂತ ಹೊಸ ಲೆಕ್ಕ ಬಂತು. ನನ್ನ ಕಣ್ಣಿಗೆ ಇಡೀ ಪ್ರಕರಣದಲ್ಲಿ ಅತಿ ದುಬಾರಿ ತಪ್ಪು ಇದೇ. ಕಣಜ ನೋಡದೆ ದಿನ ಎಣಿಸಿದರು. ಇನ್ನು ಕುದುರೆ ಮಾಂಸ: ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ತರಕಾರಿಯೂ ಇಲ್ಲದೆ ಸ್ಕರ್ವಿ (ಸಿ ವಿಟಮಿನ್ ಕೊರತೆಯ ರೋಗ) ಹತ್ತಿತು. ಅವರಲ್ಲಿ 103, 110, 117ನೇ ಮರಾಠಾ ದಳದವರೂ ಇದ್ದರು. ಈಗ ಬೆಳಗಾವಿಯಲ್ಲಿ ಕೇಂದ್ರ ಇರುವ ರೆಜಿಮೆಂಟಿನ ಪೂರ್ವಜರು.

ಏಪ್ರಿಲ್‌ನಲ್ಲಿ ವಿಮಾನದಿಂದ ಮೂಟೆ ಎಸೆದರು. ಎರಡು ವಾರಕ್ಕೆ ಹತ್ತು ಟನ್ನೂ ಆಗಲಿಲ್ಲ, ಕೆಲವು ನದಿಗೆ ಬಿದ್ದವು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 24ರ ರಾತ್ರಿ 270 ಟನ್ ತುಂಬಿಕೊಂಡು ‘ಜುಲ್ನಾರ್’ ಸ್ಟೀಮರ್ ಹೊರಟಿತು. ತುರ್ಕರು ನದಿಗೆ ಅಡ್ಡ ಕಟ್ಟಿದ್ದ ಹಗ್ಗಕ್ಕೆ ಸಿಕ್ಕಿ ಸರಕಿನ ಸಮೇತ ಅವರ ಪಾಲಾಯಿತು. 29ಕ್ಕೆ ಸುಮಾರು 13,000 ಜನ ಶರಣಾದರು. ಅವರನ್ನು ಬಿಡಿಸಲು ಹೋದವರಲ್ಲಿ ಸತ್ತವರು, ಗಾಯಗೊಂಡವರು ಸುಮಾರು 23,000.

ಆಮೇಲೆ ಹೊಸ ಸೇನಾಪತಿ ಮಾಡ್ ಬಂದ. ಅವನ ಕಾಲಕ್ಕೆ ಬಸ್ರಾ ಪಕ್ಕದ ಮಾಗಿಲ್‌ನಲ್ಲಿ ಧಕ್ಕೆ ಎದ್ದಿತು, ಬಸ್ರಾದ ಮೇಲಿನ ಕುರ್ನಾದಿಂದ ಅಮಾರಾಕ್ಕೆ ರೈಲು ಬಂತು, ಒಳನಾಡಿನ ಜಲಸಾರಿಗೆಗೆ ಅಂತಲೇ ಬೇರೆ ವಿಭಾಗ ಆಯಿತು. 1917ರ ಮಾರ್ಚ್ 11ಕ್ಕೆ ಬಾಗ್ದಾದ್ ಸಿಕ್ಕಿತು. ಮೂಟೆ ಹೊರಲು, ಮಣ್ಣು ಅಗೆಯಲು ಭಾರತದಿಂದ ಕೂಲಿ ದಳಗಳು ಹೋದವು. ಅವುಗಳಲ್ಲಿ ಕೆಲವಕ್ಕೆ ಜನ ಸಿಕ್ಕಿದ್ದು ನಮ್ಮ ದೇಶದ ಜೈಲುಗಳಿಂದ.

ಇಂತಿ ನಿನ್ನ ಗೆಳೆಯ