ಗೆಳೆಯನಿಗೊಂದು ಪತ್ರ: 44 ತಗೊ ಮಾರಾಯ, ಎಲ್‌ಟಿಇ ಬೇಡ

ಮಾರಾಯಾ,

ಯಾವ ಸ್ಮಾರ್ಟ್ ವಾಚ್ ತಗೊಳ್ಳಲಿ ಅಂತ ಕೇಳಿ ನೀನು ಕಳಿಸಿದ ಫೋಟೊಗಳೂ ಸಿಕ್ಕಿದವು, ಆ ಉದ್ದದ ವಾಯ್ಸ್ ಮೆಸೇಜೂ ಸಿಕ್ಕಿತು. ವಾಟ್ಸ್ಯಾಪಿನಲ್ಲಿ ಬೆರಳಲ್ಲಿ ಒತ್ತಿ ಇಷ್ಟಕ್ಕೆಲ್ಲ ಉತ್ತರ ಬರೆಯಲಿಕ್ಕೆ ನನ್ನಿಂದಾಗದು. ಅದಕ್ಕೇ ಈ ಪತ್ರ. ಇದೇ ಗೊಂದಲ ಬೇರೆಯವರಿಗೂ ಇರಬಹುದು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 8ರಲ್ಲಿ 44 ಮಿಲಿಮೀಟರಿನದ್ದು ತಗೊ. ಬ್ಲೂಟೂತ್ ಮಾತ್ರ ಇರುವುದು. ವಾಚಿಗೇ ಸಿಮ್ ಹಾಕುವ ಎಲ್‌ಟಿಇ ಬೇಡ, ಅದರ ದುಬಾರಿ ಅಣ್ಣ ಕ್ಲಾಸಿಕ್ ಅಂತೂ ಬೇಡವೇ ಬೇಡ. "ನಿನ್ನ ಕೈಯಲ್ಲಿ ಕ್ಲಾಸಿಕ್ ಕಟ್ಟಿಕೊಂಡು ನನಗೆ ಬೇಡ ಅನ್ನುತ್ತೀಯಲ್ಲ" ಅಂತ ನೀನು ಬೈಯುವುದು ಮಂಗಳೂರಿನ ಬಿಜೈಯಿಂದ ಉಡುಪಿಗೇ ಕೇಳಿಸುತ್ತಿದೆ. ತಡಿ, ಅಲ್ಲಿಗೇ ಬರುತ್ತೇನೆ.

ಹೌದು, ನನ್ನದು ವಾಚ್ 6 ಕ್ಲಾಸಿಕ್. ಅದರ ಮೇಲೆ ನನಗೆ ಒಂದು ದೂರೂ ಇಲ್ಲ. ಗಾಜಿನ ಸುತ್ತ ತಿರುಗುವ ಬೆಜೆಲ್ ಇದೆಯಲ್ಲ, ನಮ್ಮ ಕಡೆಯ ಮಳೆಗೆ ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ. ಕಲ್ಸಂಕದಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಕೈಯಲ್ಲಿ ಕೊಡೆ ಹಿಡಿದು ನಿಂತಿರುತ್ತೇನೆ. ಗಾಜಿನ ಮೇಲೆ ಹನಿ ಬಿದ್ದರೆ ವಾಚು ಅದನ್ನು ಬೆರಳು ಅಂದುಕೊಳ್ಳುತ್ತದೆ. ತಾನೇ ಏನೋ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ನಾನು ಒದ್ದೆ ಬೆರಳಲ್ಲಿ ಎಳೆದರೆ ಮಾತ್ರ ಏನೂ ಆಗುವುದಿಲ್ಲ. ಆಗ ವಾಟರ್ ಲಾಕ್ ಹಾಕಿದರೆ ಹನಿಯ ಕಾಟ ತಪ್ಪುತ್ತದೆ, ಆದರೆ ಬೆರಳೂ ನಡೆಯುವುದಿಲ್ಲ. ಬೆಜೆಲ್‌ಗೆ ಆ ತಾಪತ್ರಯ ಇಲ್ಲ. ಟಕ್ ಟಕ್ ಅಂತ ತಿರುಗಿಸಿದರೆ ಸಾಕು, ಮೆಸೇಜು ಒಂದೊಂದೇ ಮುಂದೆ ಹೋಗುತ್ತದೆ.

ಅಷ್ಟು ಒಳ್ಳೆಯದಾದರೆ ನಿನಗೆ ಯಾಕೆ ಬೇಡ? ನೀನು ಯಕ್ಷಗಾನಕ್ಕೆ ಚೆಂಡೆ ಬಾರಿಸುವವನು, ನಾನಲ್ಲ.

ತೂಕ ನೋಡು. ವಾಚ್ 8ರ 44ರದ್ದು 34 ಗ್ರಾಂ. ಕ್ಲಾಸಿಕ್ 63.5 ಗ್ರಾಂ. ಒಂದು ಅಲ್ಯೂಮಿನಿಯಂ, ಇನ್ನೊಂದು ಸ್ಟೀಲ್. ಆಫೀಸಿನಲ್ಲಿ ಮೌಸ್ ಹಿಡಿದು ಕೂರುವ ನನ್ನಂಥವನಿಗೆ ಆ ಮೂವತ್ತು ಗ್ರಾಂ ಲೆಕ್ಕಕ್ಕೇ ಇಲ್ಲ. ನಿನ್ನದು ಹಾಗಲ್ಲ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ಕಳೆದು ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೂ ನಿನ್ನ ತಾಳಮದ್ದಳೆ ಬಿಡುವುದಿಲ್ಲ. ಯುದ್ಧದ ಪ್ರಸಂಗ ಬಂದರೆ ಮಣಿಗಂಟು ಒಂದೇ ಸಮನೆ ಆಡುತ್ತಿರಬೇಕು. ಅದರ ಮೇಲೆ ಸ್ಟೀಲಿನ ಗಟ್ಟಿ ಕಟ್ಟಿಕೊಂಡು ಬಾರಿಸಿದರೆ ಭಾಗವತರು ನಿನ್ನ ಕಡೆ ಒಂದು ಸಲ ತಿರುಗಿ ನೋಡುತ್ತಾರೆ, ಅಷ್ಟೆ. ಬಾರಿಸುವಾಗ ಬಿಚ್ಚಿಡುತ್ತೇನೆ ಅಂತೀಯಾ? ಆವತ್ತು ಫೋನಿನಲ್ಲಿ "ಬಾರಿಸುವಾಗ ಎದೆ ಎಷ್ಟು ಬಡಿಯುತ್ತದೆ ಅಂತ ನೋಡಬೇಕು" ಅಂದವನು ನೀನೇ ಅಲ್ವಾ?

ಆ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ವಾಚನ್ನು ಮಗುಚಿದರೆ ಹಿಂದೆ ಹಸಿರು ದೀಪ ಮಿನುಗುವುದು ಕಾಣುತ್ತದೆ. ಆ ಬೆಳಕು ಚರ್ಮದ ಒಳಗೆ ಹೋಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಎದೆ ಬಡಿದಾಗಲೆಲ್ಲ ಮಣಿಗಂಟಿನಲ್ಲಿ ರಕ್ತ ಏರಿ ಇಳಿಯುತ್ತದೆ, ವಾಪಸ್ ಬರುವ ಬೆಳಕೂ ಹಾಗೇ ಏರಿ ಇಳಿಯುತ್ತದೆ. ವಾಚು ಎಣಿಸುವುದು ಅದನ್ನೇ. ಈಗ ಕೈಯೇ ಒಂದು ಲಯದಲ್ಲಿ ಕುಣಿಯುತ್ತಿದ್ದರೆ? ವಾಚು ಚರ್ಮದ ಮೇಲೆ ಜಾರುತ್ತದೆ, ಬೆಳಕು ಅದಕ್ಕೂ ಏರಿ ಇಳಿಯುತ್ತದೆ. ಎಣಿಸುತ್ತಿರುವುದು ನಿನ್ನ ಎದೆಯನ್ನೋ ಚೆಂಡೆಯ ಪೆಟ್ಟನ್ನೋ ಅಂತ ಅದಕ್ಕೇ ಗೊತ್ತಾಗದೆ ಹೋಗಬಹುದು. ವಾಚು ಭಾರವಾಗಿ ಸಡಿಲವಾದಷ್ಟೂ ಇದು ಜಾಸ್ತಿ. ಹಗುರದ್ದನ್ನು ಮಣಿಗಂಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ, ಬಿಗಿಯಾಗಿ ಕಟ್ಟಿದರೆ ಪರವಾಗಿಲ್ಲ ಅನ್ನುವ ಲೆಕ್ಕ ಸಿಗಬಹುದು. ಖಡಕ್ ಲೆಕ್ಕ ಬೇಕಾದರೆ ಎದೆಗೆ ಕಟ್ಟುವ ಬೆಲ್ಟೇ ಬೇಕು, ವಾಚಿನಿಂದ ಆಗುವುದಲ್ಲ. ಇನ್ನೊಂದು ತಮಾಷೆ: ಕೈ ಬೀಸಿದ್ದನ್ನೂ ಅದು ಹೆಜ್ಜೆ ಅಂದುಕೊಳ್ಳುತ್ತದೆ. ಒಂದು ಪ್ರಸಂಗ ಮುಗಿಯುವಾಗ ಕೂತಲ್ಲಿಂದಲೇ ಸುರತ್ಕಲ್‌ಗೆ ನಡೆದು ಹೋದಷ್ಟು ಲೆಕ್ಕ ತೋರಿಸಿದರೆ ಫೋಟೊ ತೆಗೆದು ನನಗೆ ಕಳಿಸಬೇಡ.

ಕ್ಲಾಸಿಕ್ ಬಗ್ಗೆ ಇನ್ನೊಂದು ಮಾತು. ಜಾಸ್ತಿ ದುಡ್ಡು ಕೊಟ್ಟರೆ ದೊಡ್ಡ ಸ್ಕ್ರೀನು ಸಿಗುತ್ತದೆ ಅಂತ ನೀನು ಅಂದುಕೊಂಡ ಹಾಗಿದೆ. ಉಲ್ಟಾ. ಕ್ಲಾಸಿಕ್ 46 ಮಿಲಿಮೀಟರ್ ಇದ್ದರೂ ಸ್ಕ್ರೀನು 1.34 ಇಂಚು. ಅದು ವಾಚ್ 8ರ ಚಿಕ್ಕ 40 ಮಿಲಿಮೀಟರಿನದ್ದಷ್ಟೇ. ಉಳಿದ ಜಾಗವೆಲ್ಲ ಬೆಜೆಲ್‌ಗೆ ಹೋಗಿದೆ. 44ರಲ್ಲಿ 1.47 ಇಂಚು ಉಂಟು. ಬಿಡುಗಡೆಯಾದಾಗ 44ರ ಬ್ಲೂಟೂತಿಗೆ 35,999 ರೂಪಾಯಿ, ಕ್ಲಾಸಿಕ್ಕಿಗೆ 46,999. ಹನ್ನೊಂದು ಸಾವಿರ ಜಾಸ್ತಿ ಕೊಟ್ಟು ಚಿಕ್ಕ ಸ್ಕ್ರೀನು ತರುವುದು ನಿನ್ನ ಕನ್ನಡಕದ ನಂಬರಿಗೆ ಸರಿಯಾ ಅಂತ ನೀನೇ ಯೋಚಿಸು.

ಹಾಗಾದರೆ ಕ್ಲಾಸಿಕ್‌ನಲ್ಲಿ ಜಾಸ್ತಿ ಏನುಂಟು? ಬೆಜೆಲ್, ಸ್ಟೀಲ್ ಮೈ, ಬದಿಯಲ್ಲಿ ಇನ್ನೊಂದು ಬಟನ್, 32 ಜಿಬಿಯ ಬದಲು 64 ಜಿಬಿ ಜಾಗ. ಅಷ್ಟೇ ಅಂದರೂ ತಪ್ಪಿಲ್ಲ. ಹೊಟ್ಟೆಯೊಳಗಿನ ಚಿಪ್ಪು ಒಂದೇ, ಜಿಪಿಎಸ್ ಒಂದೇ, ಹಿಂದಿನ ಸೆನ್ಸರುಗಳು ಒಂದೇ. ಗಾಜೂ ಎರಡಕ್ಕೂ ಸಫೈರೇ. ಪಣಂಬೂರಿನ ಮರಳು ತಾಗಿದರೂ ಸುಲಭಕ್ಕೆ ಗೀರು ಬೀಳುವುದಿಲ್ಲ, ಯಾಕೆಂದರೆ ಮರಳಿಗಿಂತ ಸಫೈರು ಗಟ್ಟಿ. ಜಾಹೀರಾತಿನಲ್ಲಿ ಬರುವ ಆ ಹೊಸ ಆ್ಯಂಟಿಆಕ್ಸಿಡೆಂಟ್ ಲೆಕ್ಕವೂ ಎರಡರಲ್ಲೂ ಉಂಟು. ವಾಚು ಬಿಚ್ಚಿ ಹಿಂದಿನ ಸೆನ್ಸರ್ ಮೇಲೆ ಹೆಬ್ಬೆರಳು ಇಟ್ಟರೆ ಸೊಪ್ಪು, ಹಣ್ಣು ಸಾಕಷ್ಟು ತಿನ್ನುತ್ತೀಯಾ ಅಂತ ಹೇಳುತ್ತದಂತೆ. ನಿಮ್ಮ ಹಿತ್ತಿಲಲ್ಲಿ ಬಸಳೆ ಚಪ್ಪರ ಇರುವವರೆಗೆ ಅದನ್ನು ವಾಚಿನಿಂದ ಕೇಳುವ ಅಗತ್ಯ ನಿನಗಿಲ್ಲ.

ಈಗ ಎಲ್‌ಟಿಇ. ಬಿಡುಗಡೆಯಾದಾಗ ಅದಕ್ಕೆ ನಾಲ್ಕು ಸಾವಿರ ಜಾಸ್ತಿ ಇತ್ತು. ಅದರೊಳಗೆ ಇ-ಸಿಮ್ ಹಾಕಿಸಬಹುದು. ಜಿಯೋ ಅಥವಾ ಏರ್‌ಟೆಲ್ ಆದರೆ ಫೋನಿನ ನಂಬರೇ ವಾಚಿಗೂ ಬರುತ್ತದೆ, ಆದರೆ ಫೋನಿನಲ್ಲಿ ಯಾವ ಕಂಪನಿಯೋ ವಾಚಿನಲ್ಲೂ ಅದೇ ಇರಬೇಕು. ಫೋನು ಮನೆಯಲ್ಲಿ ಬಿಟ್ಟು ಹೋದರೂ ಕಾಲ್ ಬರುತ್ತದೆ. ಕೇಳಲಿಕ್ಕೆ ಚಂದ. ಆದರೆ ಒಂದು ಪ್ರಶ್ನೆ: ನೀನು ಫೋನು ಬಿಟ್ಟು ಎಲ್ಲಿಗೆ ಹೋಗುತ್ತೀ? ಕದ್ರಿ ಪಾರ್ಕಿನಲ್ಲಿ ಎರಡು ಸುತ್ತು ನಡೆದು ಹೊರಗೆ ಬಂದು ಕಬ್ಬಿನ ಹಾಲು ಕುಡಿದರೆ ದುಡ್ಡು ಕೊಡಲಿಕ್ಕೆ ಫೋನು ಬೇಕು. ಬಸ್ಸಿನಲ್ಲಿ ಹಾಡು, ಸ್ಕೂಟರಿಗೆ ಪೆಟ್ರೋಲು, ಮೀನು ಮಾರ್ಕೆಟ್ಟು, ಎಲ್ಲದಕ್ಕೂ ಫೋನೇ. ಫೋನು ಕಿಸೆಯಲ್ಲಿ ಇರುವಷ್ಟು ಹೊತ್ತು ವಾಚು ಬ್ಲೂಟೂತಿನಲ್ಲೇ ಇರುತ್ತದೆ. ಆ ನಾಲ್ಕು ಸಾವಿರ ಸುಮ್ನೆ ನಿದ್ದೆ ಮಾಡುತ್ತದೆ. ಎಚ್ಚರವಾದಾಗ ಬ್ಯಾಟರಿ ಕುಡಿಯುತ್ತದೆ.

ಯಕ್ಷಗಾನ ಆಟದ ದಿನ ಏನು ಮಾಡುವುದು ಅಂತ ನೀನು ಕೇಳಿದ್ದೆ. ಫೋನು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಚೀಲದೊಳಗೆ, ನೀನು ರಂಗಸ್ಥಳದಲ್ಲಿ. ಬ್ಲೂಟೂತು ಹತ್ತು ಮೀಟರಿನ ಆಚೀಚೆ ಸಿಗುತ್ತದೆ, ಗೋಡೆ ಅಡ್ಡ ಬಂದರೆ ಇನ್ನೂ ಕಮ್ಮಿ. ಸಣ್ಣ ಹಾಲ್ ಆದರೆ ಸಿಕ್ಕೀತು, ಬಯಲಾಟಕ್ಕೆ ಡೌಟು. ಸಿಕ್ಕದಿದ್ದರೆ ಒಳ್ಳೆಯದೇ ಅಲ್ವಾ ಮಾರಾಯ? ಅರ್ಥಧಾರಿಗಳ ಮಾತು ಏರುವ ಹೊತ್ತಿಗೆ ಲೋನ್ ಬೇಕಾ ಅಂತ ಕೇಳುವ ಕಾಲು ನಿನ್ನ ಕೈಯಲ್ಲಿ ಗುಂಯ್ ಅನ್ನಬೇಕಾ? ಹೇಗೂ ಥಿಯೇಟರ್ ಮೋಡ್ ಅಂತ ಒಂದುಂಟು. ಹಾಕಿದರೆ ಸದ್ದಿಲ್ಲ, ಬೆಳಕೂ ಇಲ್ಲ. ಕೂರುವ ಮೊದಲು ಅದನ್ನು ಒತ್ತುವ ಅಭ್ಯಾಸ ಮಾಡಿಕೊ.

ಜಾಸ್ತಿ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ: ಬ್ಲೂಟೂತ್ ಮಾತ್ರ ಇರುವ ವಾಚಿನಲ್ಲೂ ವೈಫೈ ಉಂಟು. ಫೋನು ಮನೆಯಲ್ಲಿ ನೆಟ್ಟಿಗೆ ಸೇರಿಕೊಂಡಿದ್ದು, ನೀನು ಆಫೀಸಿನ ವೈಫೈಯಲ್ಲಿದ್ದರೆ ಮೆಸೇಜುಗಳು ವಾಚಿಗೆ ಬರುತ್ತವೆ. ಅಪರೂಪಕ್ಕೆ ಫೋನು ಮರೆತು ಹೋಗುವವನಿಗೆ ಇಷ್ಟು ಸಾಕು.

ಎಲ್‌ಟಿಇ ನಿಜವಾಗಿ ಬೇಕಾದವರು ಇದ್ದಾರೆ. ಬೆಳಿಗ್ಗೆ ಬರಿಗೈಯಲ್ಲಿ ತಣ್ಣೀರುಬಾವಿಯ ಮರಳಲ್ಲಿ ಓಡುವವರು, ಒಬ್ಬರೇ ದೂರ ಸೈಕಲ್ ಹೊಡೆಯುವವರು. ಬಿದ್ದರೆ ವಾಚೇ ಗುರುತಿಸಿ ಮನೆಯವರಿಗೆ ತಿಳಿಸಬೇಕಾದರೆ ಫೋನು ಹತ್ತಿರ ಇರಬೇಕು, ಇಲ್ಲಾ ವಾಚಿನಲ್ಲೇ ಸಿಮ್ ಇರಬೇಕು. ಅಂಥವರಿಗೆ ನಾಲ್ಕು ಸಾವಿರ ಹೆಚ್ಚಲ್ಲ.

ಇನ್ನು ಅಪ್ಪನ ವಿಷಯ. "ನಾನು ಒಂದು ವರ್ಷ ಕಟ್ಟಿ ಆಮೇಲೆ ಅಪ್ಪನಿಗೆ ಕೊಡುತ್ತೇನೆ, ಬಿಪಿ ನೋಡಿಕೊಳ್ಳಲಿ" ಅಂದೆ ನೀನು. ಒಳ್ಳೆಯ ಮನಸ್ಸು, ಆದರೆ ಲೆಕ್ಕ ಕೂಡುವುದಿಲ್ಲ. ಅಪ್ಪನದು ಬಟನ್ ಫೋನು. ಈ ವಾಚಿಗೆ ಆಂಡ್ರಾಯ್ಡ್ ಫೋನು ಬೇಕು. ಬಿಪಿ, ಇಸಿಜಿಗೆ ಸ್ಯಾಮ್‌ಸಂಗ್ ಫೋನೇ ಬೇಕು. ನಿನ್ನ ಹೆಂಡತಿಯ ಐಫೋನಿಗೆ ಇದು ಸೇರುವುದೇ ಇಲ್ಲ, 2021ರ ವಾಚ್ 4ರಿಂದಲೇ ಆ ಬಾಗಿಲು ಮುಚ್ಚಿದೆ. ಎಲ್ಲ ಇದ್ದರೂ ವಾಚು ತಾನಾಗಿಯೇ ಬಿಪಿ ಹೇಳುವುದಿಲ್ಲ. ತೋಳಿಗೆ ಪಟ್ಟಿ ಸುತ್ತುವ ಬಿಪಿ ಮೆಷಿನ್ನಿನಲ್ಲಿ ಮೊದಲು ನೋಡಿ ಆ ನಂಬರನ್ನು ಅದಕ್ಕೆ ಕೊಡಬೇಕು. ಪ್ರತಿ 28 ದಿನಕ್ಕೊಮ್ಮೆ ಮತ್ತೆ ಕೊಡಬೇಕು. ಅಂದರೆ ಮನೆಯಲ್ಲಿ ಮೆಷಿನ್ ಇರಲೇಬೇಕು. ಇದ್ದ ಮೇಲೆ ಅಪ್ಪ ಅದರಲ್ಲೇ ನೋಡಿಕೊಳ್ಳಲಿ! ಮಾತ್ರೆಯ ಅಂಗಡಿಯಲ್ಲಿ ಒಳ್ಳೆಯದೊಂದು ಈಗಲೇ ತಂದುಕೊಡು, ವರ್ಷ ಯಾಕೆ ಕಾಯಬೇಕು? ಇಸಿಜಿಯೂ ಅಷ್ಟೇ. ಎದೆಬಡಿತದ ಲಯ ತಪ್ಪಿದ್ದನ್ನು ಅದು ಹಿಡಿಯಬಹುದು, ಹೃದಯಾಘಾತವನ್ನು ಹಿಡಿಯುವುದಿಲ್ಲ. ಅಪ್ಪನಿಗೆ ಎದೆ ನೋವು ಅಂದರೆ ವಾಚು ನೋಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

40ರದ್ದು ಯಾಕೆ ಬೇಡ ಅಂದರೆ ಬ್ಯಾಟರಿ. ಚಿಕ್ಕದರಲ್ಲಿ 325 ಎಂಎಎಚ್, ದೊಡ್ಡದರಲ್ಲಿ 435. ಸ್ಕ್ರೀನು ಸದಾ ಉರಿಯುತ್ತಿದ್ದರೆ 30 ಗಂಟೆ, ಇಲ್ಲದಿದ್ದರೆ 40 ಗಂಟೆ ಅಂತ ಕಂಪನಿ ಹೇಳುತ್ತದೆ. ಆದರೆ ಕಂಪನಿಯ ಗಂಟೆಯೇ ಬೇರೆ, ನಮ್ಮ ಗಂಟೆಯೇ ಬೇರೆ. ಆಟಿ ತಿಂಗಳ ಜೋರು ಮಳೆಗೆ ರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಆ ಹೆಚ್ಚಿನ ಬ್ಯಾಟರಿಯ ಬೆಲೆ ಗೊತ್ತಾಗುತ್ತದೆ. ನಾನು ಸ್ನಾನ, ತಿಂಡಿಯ ಹೊತ್ತಿಗೆ ಚಾರ್ಜಿಗೆ ಹಾಕುತ್ತೇನೆ. ರಾತ್ರಿ ನಿದ್ದೆಯ ಲೆಕ್ಕವೂ ಸಿಗುತ್ತದೆ. ಕೈ ತೀರಾ ಸಣ್ಣ ಇದ್ದವರಿಗೆ 40 ಸರಿ. ನಿನ್ನ ಕೈ ನೋಡಿದ್ದೇನೆ.

ಪಟ್ಟಿಯ ವಿಷಯದಲ್ಲಿ ಹುಷಾರು. ಕ್ಲಾಸಿಕ್ ಜೊತೆ ಬರುವುದು ಚರ್ಮದ ಥರದ ಪಟ್ಟಿ, ನೋಡಲಿಕ್ಕೆ ಗತ್ತು. ನಮ್ಮ ಮಳೆಗಾಲದಲ್ಲಿ ಕಪಾಟಿನ ಬೆಲ್ಟು, ಪರ್ಸು ಎಲ್ಲಕ್ಕೂ ಬೂಸ್ಟು ಬರುವುದು ನಿನಗೆ ಗೊತ್ತೇ ಉಂಟು. ಬೇಸಿಗೆಯಲ್ಲಿ ಬೆವರು. ವಾಚ್ 8ರ ಜೊತೆ ಬರುವ ರಬ್ಬರಿನಂಥ ಪಟ್ಟಿಯೇ ನಮಗೆ ಸರಿ, ಸಂಜೆ ನಲ್ಲಿಯ ಕೆಳಗೆ ಹಿಡಿದು ಒರೆಸಿದರೆ ಮುಗಿಯಿತು. ಇನ್ನೊಂದು: ಇದರಲ್ಲಿ ಪಟ್ಟಿ ಸಿಕ್ಕಿಸುವ ಕ್ರಮವನ್ನೇ ಬದಲಿಸಿದ್ದಾರೆ. ಹಂಪನಕಟ್ಟೆಯಲ್ಲಿ ಸಿಗುವ ಮಾಮೂಲಿ 20 ಮಿಲಿಮೀಟರ್ ಪಟ್ಟಿ ಇದಕ್ಕೆ ಕೂರುವುದಿಲ್ಲ. ನನ್ನ ಡಬ್ಬಿಯಲ್ಲಿರುವ ಹಳೆಯ ಪಟ್ಟಿಗಳನ್ನು ನಿನಗೆ ಕೊಡೋಣ ಅಂತಿದ್ದೆ, ಅದೂ ಆಗದು.

ನೀರಿಗೆ ಹೆದರಬೇಡ, ಆದರೆ 5 ಎಟಿಎಂ ಅಂತ ಬರೆದಿದ್ದಾರೆ ಅಂತ ಐವತ್ತು ಮೀಟರ್ ಆಳಕ್ಕೆ ಮುಳುಗಬಹುದು ಅಂದುಕೊಳ್ಳಬೇಡ. ಅದು ನಿಂತ ನೀರಿನ ಒತ್ತಡದ ಲೆಕ್ಕ. ಮಂಗಳಾ ಈಜುಕೊಳಕ್ಕೆ ಹೋಗು, ತೊಂದರೆ ಇಲ್ಲ. ಮಳೆಗಾಲ ಕಳೆದು ಮಲ್ಪೆಯಲ್ಲಿ ಸಮುದ್ರಕ್ಕೆ ಇಳಿದರೆ ಮೇಲೆ ಬಂದ ಕೂಡಲೇ ಸಿಹಿ ನೀರಲ್ಲಿ ತೊಳೆ. ಉಪ್ಪು ಒಣಗಿದರೆ ನನ್ನ ಬೆಜೆಲ್ ಕರಕರ ಅನ್ನುತ್ತದೆ. ನಿನ್ನದಕ್ಕೆ ಬೆಜೆಲ್ಲೇ ಇಲ್ಲದ್ದರಿಂದ ಅದೊಂದು ತಲೆನೋವು ಕಮ್ಮಿ.

ದುಡ್ಡೇ ಅಡ್ಡ ಬಂದರೆ ಒಂದು ದಾರಿ ಉಂಟು. 2024ರ ವಾಚ್ 7, ಅದೂ 44ರದ್ದು, ಕಮ್ಮಿಗೆ ಸಿಕ್ಕಿದರೆ ಕಣ್ಣು ಮುಚ್ಚಿ ತಗೊ. ಚಿಪ್ಪು ಅದೇ, ಗಾಜು ಅದೇ, ಬ್ಯಾಟರಿ 425, ಮಾಮೂಲಿ ಪಟ್ಟಿಯೂ ಕೂರುತ್ತದೆ. ಬಿಸಿಲಲ್ಲಿ ಸ್ಕ್ರೀನು ಮಾತ್ರ ಸ್ವಲ್ಪ ಮಂಕು. ಹೊಸತೇ ಬೇಕು ಅನ್ನುವ ಆಸೆ ಇದ್ದರೆ ಅದೂ ತಪ್ಪಲ್ಲ, ಆದರೆ ಅವಸರ ಇಲ್ಲದಿದ್ದರೆ ದೀಪಾವಳಿಯ ಆಫರಿನವರೆಗೆ ಕಾಯಿ. ನಿನ್ನ ಆಟದ ಸೀಸನ್ ಶುರುವಾಗುವುದೂ ಆಮೇಲೆಯೇ.

ಶನಿವಾರ ಅಂಗಡಿಗೆ ಹೋಗುತ್ತೀ ಅಂದೆಯಲ್ಲ, 44ನ್ನೂ ಕ್ಲಾಸಿಕ್ಕನ್ನೂ ಒಂದರ ನಂತರ ಒಂದು ಕಟ್ಟಿ ನೋಡು. ಕಟ್ಟಿಕೊಂಡು ಕೌಂಟರಿನ ಅಂಚಿನಲ್ಲಿ ಬೆರಳಲ್ಲೇ ಒಂದು ಏಕತಾಳ ಹೊಡೆ. ಸೇಲ್ಸ್‌ನ ಹುಡುಗ ನಕ್ಕರೆ ನಗಲಿ. ಬಣ್ಣ ಗ್ರಾಫೈಟ್ ತಗೊ, ಬೆಳ್ಳಿ ಬೇಡ. ಬಿಲ್ಲು ಮಾಡಿಸುವ ಮೊದಲು ಬಾಕ್ಸಿನ ಮೇಲೆ ಬ್ಲೂಟೂತ್ ಅಂತ ಇದೆಯಾ ಎಲ್‌ಟಿಇ ಅಂತ ಇದೆಯಾ ನೋಡು. ಎರಡೂ ಬಾಕ್ಸು ನೋಡಲಿಕ್ಕೆ ಒಂದೇ ಥರ. ಅಮ್ಮನಿಗೆ, ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಉಡುಪಿಯವ